ಡೇವಿಸ್ ಗಿರಿಗಳಲ್ಲಿ ಬಿಡಾರ

ಪೇಕೋಸ್ ಪಟ್ಟಣವನ್ನು ಬಿಟ್ಟು ದಕ್ಷಿಣಾಭಿಮುಖವಾಗಿ ಹೊರಟ ಪ್ರವಾಸಿಗೆ ಪಶ್ಚಿಮ ಟೆಕ್ಸಾಸಿನ ಬಯಲು ಬಹಳ ಹೊತ್ತಿನವರೆಗೆ ಕುರುಚಲು ಗಿಡ, ತಂತಿಬೇಲಿ, ಬಿಸಿಲಿನ ಝಳ ಇವಿಷ್ಟನ್ನೇ ತೋರಿಸುತ್ತ ಹೋಗಿ, ಬಾಲ್ಮೊರೇ ಎಂಬ ಸಣ್ಣ ಊರನ್ನು ದಾಟಿದ ತರುವಾಯ ಮೆಲ್ಲನೆ ಏರತೊಡಗುವ ರಸ್ತೆಯು ಲಿಂಪಿಯಾ ಹೊಳೆಯ ಕಮರಿಯನ್ನು ಹೊಕ್ಕಾಗ, ಇಕ್ಕೆಲಗಳಲ್ಲಿಯೂ ಕೆಂಗಂದು ಬಣ್ಣದ ಸ್ತಂಭಾಕಾರದ ಬಂಡೆಗಳೂ ಅವುಗಳ ಬುಡದಲ್ಲಿ ಹಸುರು ಮರಗಳೂ ಕಾಣಿಸಿಕೊಳ್ಳುತ್ತವೆ. ಸುಮಾರು 3.5 ಕೋಟಿ ವರ್ಷಗಳ ಹಿಂದೆ ಜ್ವಾಲಾಮುಖಿಗಳು ಉಗುಳಿದ ಲಾವಾ ಮತ್ತು ಬೂದಿಯಿಂದ ನಿರ್ಮಿತವಾದ ಡೇವಿಸ್ ಪರ್ವತಗಳಿವು. ಚಿವಾವಾ ಮರುಭೂಮಿಯ ನಡುವೆ ತಲೆಯೆತ್ತಿ ನಿಂತಿರುವ ಈ ಶ್ರೇಣಿಯ ಅತ್ಯುನ್ನತ ಶಿಖರವಾದ ಲಿವರ್‌ಮೋರ್ 8,300 ಅಡಿಗೂ ಮಿಗಿಲಾದುದು. ಬಯಲಿನ ಮೇಲೆ ವ್ಯರ್ಥವಾಗಿ ಹಾದುಹೋಗುವ ತೇವದ ಗಾಳಿಯು ಇಲ್ಲಿ ತಡೆಯಲ್ಪಟ್ಟು, ಮೇಲೇರಿ ತಣಿದು, ಜುಲೈಯಿಂದ ಸೆಪ್ಟೆಂಬರಿನವರೆಗೆ ಅಪರಾಹ್ಣದ ಗುಡುಗುಮಳೆಯಾಗಿ ಇಳಿಯುವುದರಿಂದ, ಕಳ್ಳಿ ಕತ್ತಾಳೆಗಳ ಮಗ್ಗುಲಲ್ಲಿಯೇ ಓಕ್, ಜೂನಿಪರ್, ಪಿನ್ಯಾನ್ ಪೈನ್ ವೃಕ್ಷಗಳೂ ಬಾಳಿಕೊಂಡು ಬಂದಿವೆ.

ಈ ಗಿರಿಗಳ ಮಡಿಲಿನ ಕೀಸಿ ಕಮರಿಯಲ್ಲಿ, ಸುಮಾರು 5,000 ಅಡಿ ಎತ್ತರದಲ್ಲಿ, ಗುಡಾರ ಹೂಡಿ ಇರುಳು ಕಳೆಯಲೆಂದು ಜನರು ದೂರದೂರದಿಂದ ಬರುವ ರಾಜ್ಯೋದ್ಯಾನವೊಂದುಂಟು. ಅದರ ವಿಸ್ತೀರ್ಣ 2,700 ಎಕರೆ. ಟೆಕ್ಸಾಸಿನ ಅಳತೆಗೆ ಅದು ದೊಡ್ಡದೇನೂ ಅಲ್ಲ. ಆದರೂ ಅದು ರೂಪುಗೊಂಡ ಬಗೆಯನ್ನು ನೋಡುತ್ತ ಹೋದರೆ, ಸಮೃದ್ಧಿಗಿಂತ ಅಭಾವವೇ ಅದನ್ನು ಕಟ್ಟಿತೆಂದು ನನಗೆ ತೋರುತ್ತದೆ.

ಮೊದಲನೆಯದು ನೀರಿನ ಅಭಾವ. ಸ್ಯಾನ್ ಆಂಟೋನಿಯೋದಿಂದ ಎಲ್ ಪಾಸೋಗೆ ಹೋಗುವ ಬಂಡಿಗಳಿಗೂ ಅಂಚೆಗೂ ರಕ್ಷಣೆ ಬೇಕಾಗಿ ಅಮೆರಿಕದ ಸೈನ್ಯವು 1854ರಲ್ಲಿ ಕೋಟೆಯೊಂದನ್ನು ಸ್ಥಾಪಿಸಲು ಸ್ಥಳ ಹುಡುಕಿದಾಗ, ನೀರೂ ಸೌದೆಯೂ ಒಟ್ಟಿಗೆ ದೊರೆಯುವ ಲಿಂಪಿಯಾದ ಮಗ್ಗುಲು ಅದಕ್ಕೆ ಒಪ್ಪಿಗೆಯಾಯಿತು. ಅಂದಿನ ಯುದ್ಧ ಖಾತೆಯ ಕಾರ್ಯದರ್ಶಿಯಾಗಿದ್ದ ಜೆಫರ್ಸನ್ ಡೇವಿಸನ ಹೆಸರು ಕೋಟೆಗೂ ಊರಿಗೂ ಪರ್ವತಗಳಿಗೂ ಅಂಟಿಕೊಂಡಿತು. ಅಂತರ್ಯುದ್ಧದಲ್ಲಿ ಪಾಳುಬಿದ್ದ ಆ ನೆಲೆಯನ್ನು 1867ರಿಂದ ಮತ್ತೆ ಕಟ್ಟಿ ನಿಲ್ಲಿಸಿದವರಲ್ಲಿ, ದಾಸ್ಯದಿಂದ ಬಿಡುಗಡೆ ಹೊಂದಿ ಹೆಚ್ಚು ಕಾಲವಾಗಿರದ ಕಪ್ಪು ಸೈನಿಕರು ಮುಖ್ಯರು. ಈ ಕಮರಿಗಳನ್ನು ತಮ್ಮ ಮನೆಯ ಅಂಗಳದಷ್ಟು ಬಲ್ಲವರಾಗಿದ್ದ ಅಪಾಚೆ ಜನರನ್ನು ಇಲ್ಲಿಂದ ಅಟ್ಟುವುದೂ ಕೋಟೆಯ ಕೆಲಸವಾಗಿದ್ದು, ಆ ಕೆಲಸ ಮುಗಿದ ಮೇಲೆ 1891ರಲ್ಲಿ ಸೈನ್ಯವೂ ಹೊರಟುಹೋಯಿತು. ಇಂದು ನಾವು ನಿರ್ಜನವೆಂದು ಮೆಚ್ಚಿಕೊಳ್ಳುವ ಕಣಿವೆಯು ಜನರನ್ನು ಹೊರಡಿಸಿದ್ದರಿಂದ ನಿರ್ಜನವಾದುದು. ಅದನ್ನು ಮರೆತು ಅಲ್ಲಿನ ಶಾಂತಿಯನ್ನು ಕೊಂಡಾಡುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ.

ಎರಡನೆಯದು ಹಣದ ಅಭಾವ. ಗವರ್ನರ್ ಪ್ಯಾಟ್ ನೆಫ್ ಅವರ ಪ್ರಯತ್ನದಿಂದ 1923ರಲ್ಲಿ ಟೆಕ್ಸಾಸಿಗೆ ಉದ್ಯಾನ ಮಂಡಲಿಯೊಂದು ಬಂದಿತಾದರೂ ಭೂಮಿ ಕೊಳ್ಳುವುದಕ್ಕೆ ಅದರ ಕೈಯಲ್ಲಿ ಕಾಸಿರಲಿಲ್ಲ. ಹತ್ತು ವರ್ಷಗಳ ಮೇಲೆ, ಬ್ಯಾಂಕುಗಳು ಮುಳುಗಿ ಕಾರ್ಖಾನೆಗಳು ಬಾಗಿಲು ಹಾಕಿದ ಮಹಾ ಆರ್ಥಿಕ ಕುಸಿತದ ಕಾಲದಲ್ಲಿ, ಅಧ್ಯಕ್ಷ ರೂಸ್‌ವೆಲ್ಟ್ ಅವರು 1933ರಲ್ಲಿ ಆರಂಭಿಸಿದ ಸಿವಿಲಿಯನ್ ಕನ್ಸರ್ವೇಶನ್ ಕೋರ್ ಎಂಬ ಯುವಕರ ದಳವು ಆ ಕೊರತೆಯನ್ನು ವಿಚಿತ್ರ ರೀತಿಯಲ್ಲಿ ತುಂಬಿಕೊಟ್ಟಿತು. ಕೆಲಸವಿಲ್ಲದ ಮನೆಗಳ ಅವಿವಾಹಿತ ತರುಣರಿಗೆ ಅನ್ನ, ಬಟ್ಟೆ, ವಸತಿಗಳ ಜೊತೆಗೆ ತಿಂಗಳಿಗೆ 30 ಡಾಲರು. ಅದರಲ್ಲಿ ಸಾಮಾನ್ಯವಾಗಿ 25 ಡಾಲರು ನೇರವಾಗಿ ಊರಿನಲ್ಲಿರುವ ತಂದೆತಾಯಿಗಳಿಗೆ. ಬಿಡಾರದ ಶಿಸ್ತು ಸೈನ್ಯದ್ದು, ನಕ್ಷೆಯ ಮಾರ್ಗದರ್ಶನ ರಾಷ್ಟ್ರೀಯ ಉದ್ಯಾನ ಇಲಾಖೆಯದು. ಹೀಗೆ ಆ ವರ್ಷವೇ ಕೀಸಿ ಕಮರಿಗೆ ಬಂದಿಳಿದ ಹುಡುಗರು, ಮುಂದೆ ಬರಲಿರುವ ಬಿಡಾರದವರಿಗಾಗಿ ಜಾಗ ಸಿದ್ಧಪಡಿಸುವ ಮೊದಲು ತಾವೇ ಬಿಡಾರ ಹೂಡಬೇಕಾಯಿತು.

ಅವರು ಕಟ್ಟಿದುದರಲ್ಲಿ ಶ್ರೇಷ್ಠವಾದುದು ಇಂಡಿಯನ್ ಲಾಜ್ ಎಂಬ ಅತಿಥಿಗೃಹ. ಮಣ್ಣಿಗೆ ನೀರೂ ಒಣಹುಲ್ಲೂ ಕಲಸಿ, ಅಚ್ಚಿನಲ್ಲಿ ತುಂಬಿ, ಬಿಸಿಲಿಗೆ ಒಣಗಿಸಿದ ಹಸಿ ಇಟ್ಟಿಗೆಗಳು. ಒಂದೊಂದರ ತೂಕ ಸುಮಾರು 18 ಕಿಲೋ. ಅವುಗಳಿಂದ ಎದ್ದ ಗೋಡೆಗಳ ದಪ್ಪ 18 ಅಂಗುಲಕ್ಕೆ ಕಡಿಮೆಯಿಲ್ಲ. ಒಳಗೆ ನಿಂತು ಮೇಲೆ ನೋಡಿದರೆ ಸಿಪ್ಪೆ ತೆಗೆದ ಪೈನ್ ದಿಮ್ಮಿಗಳ ತೊಲೆ, ಅವುಗಳ ಮೇಲೆ ಒತ್ತಾಗಿ ಹಾಸಿದ ಹೊಳೆದಂಡೆಯ ಜೊಂಡುಕಡ್ಡಿಗಳ ಚಾವಣಿ. ನಮ್ಮ ವಿಜಾಪುರ, ಕಲಬುರಗಿಗಳ ಕಡೆಯ ಮಾಳಿಗೆಮನೆಯಲ್ಲಿ ತೊಲೆ ಜಂತೆಗಳ ಕೆಳಗೆ ಬೇಸಗೆಯ ಮಧ್ಯಾಹ್ನ ಕಳೆದವರಿಗೆ ಈ ಕೋಣೆಯ ತಂಪು ಯಾವುದೆಂಬುದನ್ನು ವಿವರಿಸಬೇಕಾಗಿಲ್ಲ: ದಪ್ಪ ಮಣ್ಣುಗೋಡೆ ಹಗಲಿನ ಕಾವನ್ನು ತನ್ನಲ್ಲಿಯೇ ಹಿಡಿದಿಟ್ಟುಕೊಂಡು, ಹೊರಗೆ ಚಳಿ ಬಿದ್ದ ಇರುಳಿನಲ್ಲಿ ಅದನ್ನು ಒಳಕ್ಕೆ ಬಿಟ್ಟುಕೊಡುತ್ತದೆ. ಪೀಠೋಪಕರಣಗಳು ದೂರದ ಬ್ಯಾಸ್ಟ್ರಾಪ್ ಉದ್ಯಾನದಲ್ಲಿದ್ದ ಇದೇ ದಳದ ಬಡಗಿಗಳು ಸೀಡರ್ ಮರದಿಂದ ಕೊರೆದು ಕಳುಹಿಸಿದವು. ಮೊದಲಿಗೆ 16 ಕೋಣೆಗಳು. 1967ರ ವಿಸ್ತರಣೆಯ ಬಳಿಕ 39. ಕಟ್ಟಡದ ಶೈಲಿ ನ್ಯೂ ಮೆಕ್ಸಿಕೋದ ಪ್ಯುಎಬ್ಲೋ ಜನರದು, ಈ ಕಣಿವೆಯ ಅಪಾಚೆಗಳದಲ್ಲ. ಅಲೆಮಾರಿಗಳಾದ ಅಪಾಚೆಗಳು ಇಂತಹ ಅಂತಸ್ತಿನ ಮನೆಗಳನ್ನು ಕಟ್ಟಿದವರಲ್ಲ. ಈ ಬೆರಕೆ ನನಗೆ ಸರಿತೋರದಿದ್ದರೂ, ನೆಲದ ಬಣ್ಣದಲ್ಲಿಯೇ ನೆಲದಿಂದ ಎದ್ದಂತಿರುವ ಆ ಗೋಡೆಗಳ ಸೌಷ್ಠವಕ್ಕೆ ಕಣ್ಣು ಸೋಲುವುದು ನಿಜ.

ಶಿಖರಸಾಲಿನ ಮೇಲೆ ಸುತ್ತಿಹೋಗುವ ಸ್ಕೈಲೈನ್ ಡ್ರೈವ್ ಎಂಬ ರಸ್ತೆ, ಅದರ ತುದಿಯ ಕಲ್ಲಿನ ತಂಗುಮಂಟಪ, ಮೋರಿ, ಕಟ್ಟೆಗಳೆಲ್ಲವೂ ಅದೇ ಕೈಗಳ ಕೆಲಸ. ದೇಶದ ಎಷ್ಟೋ ಜನ ನಾಳಿನ ಊಟದ ಚಿಂತೆಯಲ್ಲಿದ್ದ ಹೊತ್ತಿನಲ್ಲಿ, ವಿಹಾರವೂ ಸಾಮಾನ್ಯ ಪ್ರಜೆಯ ಹಕ್ಕೆಂದು ಸರ್ಕಾರವೊಂದು ನಂಬಿ ಕಲ್ಲುಮಣ್ಣುಗಳಲ್ಲಿ ಅದನ್ನು ಬರೆದಿಟ್ಟಿತಲ್ಲ, ಅದು ದೊಡ್ಡತನ.

ಈಗ ಇಲ್ಲಿ ಬಿಡಾರ ಮಾಡುವವರು ಓಕ್ ಮರಗಳ ನೆರಳಿನಲ್ಲಿ ಮುಂಚಿತವಾಗಿ ಕಾಯ್ದಿರಿಸಿದ ತಾಣಗಳಲ್ಲಿ ಗುಡಾರ ಹೂಡುತ್ತಾರೆ. ಆಹಾರವನ್ನು ಹೊರಗೆ ಬಿಡಬಾರದು. ಕಾಡುಹಂದಿಯನ್ನು ಹೋಲುವ ಜಾವೆಲಿನಾಗಳ ಕಣ್ಣು ಮಂದವಾದರೂ ಮೂಗು ಬಹಳ ಚುರುಕು. ಪುಣ್ಯವಿದ್ದರೆ ಹುಲ್ಲಿನಲ್ಲಿ ಮಾಂಟೆಜುಮಾ ಲಾವಕ್ಕಿ ಕಂಡೀತು. ಗಂಡಿನ ಮುಖದ ಮೇಲೆ ಕಪ್ಪುಬಿಳುಪಿನ ಸುರುಳಿಗೆರೆ, ಒಡಲಲ್ಲಿ ಬಿಳಿಯ ಚುಕ್ಕಿಗಳ ಸಾಲು. ನೀಳವಾದ ಉಗುರುಗಳಿಂದ ನೆಲ ಕೆದಕಿ ಸಣ್ಣ ಗಡ್ಡೆಗಳನ್ನು ಹೆಕ್ಕುವ ಈ ಹಕ್ಕಿ, ಅಪಾಯ ಬಂದಾಗ ಹಾರದೆ ನೆಲಕ್ಕೆ ಅಂಟಿ ಕುಳಿತುಬಿಡುವುದರಿಂದ, ಕಾಲಿನ ಬಳಿಯಲ್ಲಿಯೇ ಇದ್ದರೂ ಕಾಣದೆ ಹೋಗುವುದುಂಟು. ಒಣಗಾಲದಲ್ಲಿ ಬೆಂಕಿ ಹಚ್ಚುವುದಕ್ಕೆ ನಿಷೇಧವಿರುತ್ತದೆ. 2011ರ ಏಪ್ರಿಲಿನಲ್ಲಿ ಮಾರ್ಫಾ ಊರಿನ ಬಳಿ ಹುಟ್ಟಿದ ರಾಕ್ ಹೌಸ್ ಎಂಬ ಕಾಳ್ಗಿಚ್ಚು ಗಾಳಿಯೊಡನೆ ಓಡಿಬಂದು ಫೋರ್ಟ್ ಡೇವಿಸ್ ಊರಿನ ಮನೆಗಳನ್ನು ಸುಟ್ಟು, ಮೂರು ಲಕ್ಷ ಎಕರೆಗೂ ಹೆಚ್ಚು ನೆಲವನ್ನು ಕರಿಯಾಗಿಸಿದುದನ್ನು ಅಲ್ಲಿನವರು ಮರೆತಿಲ್ಲ.

ಇನ್ನೊಂದು ಅಭಾವವನ್ನು ಮಾತ್ರ ಜನರು ತಾವಾಗಿಯೇ ಬೇಡಿ ಪಡೆದರು, ಅದು ಬೆಳಕಿನದು. 1926ರಲ್ಲಿ ತೀರಿಕೊಂಡ ವಿಲಿಯಂ ಮೆಕ್‌ಡೊನಾಲ್ಡ್ ಎಂಬ ಬ್ಯಾಂಕು ಮಾಲೀಕನ ಉಯಿಲಿನ ಹಣದಿಂದ ಸಮೀಪದ ಲಾಕ್ ಶಿಖರದ ಮೇಲೆ ವೀಕ್ಷಣಾಲಯವೆದ್ದು, 1939ರಲ್ಲಿ ಲೋಕಾರ್ಪಣೆಯಾದ ಅದರ 82 ಅಂಗುಲದ ದೂರದರ್ಶಕವು ಆಗ ಜಗತ್ತಿನಲ್ಲಿಯೇ ಎರಡನೆಯ ದೊಡ್ಡದಾಗಿತ್ತು. ಅದರ ಆಕಾಶವನ್ನು ಕಾಯಲು ಸುತ್ತಲಿನ ಏಳು ಕೌಂಟಿಗಳು ಹೊರಾಂಗಣ ದೀಪಗಳನ್ನು ನಿಯಂತ್ರಿಸಬೇಕೆಂಬ ಶಾಸನ 2011ರಲ್ಲಿ ಬಂದಿತು. 2022ರಲ್ಲಿ ಮೆಕ್ಸಿಕೋದ ನೆಲವನ್ನೂ ಒಳಗೊಂಡು 15,000 ಚದರ ಮೈಲಿಗೂ ವಿಶಾಲವಾದ ಅಂತರರಾಷ್ಟ್ರೀಯ ಕತ್ತಲಾಕಾಶ ಸಂರಕ್ಷಿತ ಪ್ರದೇಶ ಘೋಷಿತವಾಯಿತು, ಉದ್ಯಾನವೂ ಅದರೊಳಗಿದೆ. ಹಾಗಿದ್ದರೂ ಈಶಾನ್ಯ ದಿಕ್ಕಿನಲ್ಲಿ ಪರ್ಮಿಯನ್ ಬೇಸಿನ್ನಿನ ತೈಲಬಾವಿಗಳ ಬೆಳಕು ದಿಗಂತವನ್ನು ಮಸುಕಾಗಿಸುತ್ತಲೇ ಇರುವುದರಿಂದ, ವೀಕ್ಷಣಾಲಯದವರು ತೈಲ ಕಂಪನಿಗಳ ಬಳಿಗೆ ಹೋಗಿ, ದೀಪಕ್ಕೆ ಮುಚ್ಚಿಗೆ ಹಾಕಿ ಅದರ ಮುಖವನ್ನು ನೆಲಕ್ಕೆ ತಿರುಗಿಸಿದರೆ ಆಕಾಶವೂ ಉಳಿಯುವುದು, ರಾತ್ರಿ ಪಾಳಿಯ ಕೆಲಸಗಾರನ ಕಣ್ಣು ಕೋರೈಸುವುದೂ ತಪ್ಪುವುದು ಎಂದು ಇಂದಿಗೂ ಮನವೊಲಿಸುತ್ತಿದ್ದಾರೆ.