ಅಮೆರಿಕದ ಕ್ರಿಮಿನಲ್ ಕೇಸು: ಬಂಧನದಿಂದ ಬಿಡುಗಡೆಯವರೆಗೆ

ಇಡೀ ಅಮೆರಿಕಕ್ಕೆ ಅನ್ವಯಿಸುವ ಒಂದೇ ದಂಡಸಂಹಿತೆ ಎಂಬುದಿಲ್ಲ. ಐವತ್ತು ರಾಜ್ಯಗಳಿಗೆ ಐವತ್ತು ಸಂಹಿತೆಗಳಿವೆ. ಫೆಡರಲ್ ಸರ್ಕಾರದ, ಅಂದರೆ ಕೇಂದ್ರದ, ಕಾನೂನು ಬೇರೆ. ಸೇನೆಯದು ಇನ್ನೂ ಬೇರೆ. ಬೀದರಿನಲ್ಲಾದ ಕಳವಿಗೂ ಭೋಪಾಲದಲ್ಲಾದ ಕಳವಿಗೂ ಭಾರತೀಯ ನ್ಯಾಯ ಸಂಹಿತೆಯ ಅದೇ ಕಲಂ ಹಾಕುವುದನ್ನು ಕಂಡವರಿಗೆ ಇದು ಮೊದಲು ಗೊಂದಲ ಹುಟ್ಟಿಸುತ್ತದೆ. ಅಲ್ಲಿ ರಾಜ್ಯದ ಗಡಿ ದಾಟಿದರೆ ಅಪರಾಧದ ವ್ಯಾಖ್ಯೆ, ಶಿಕ್ಷೆಯ ಪ್ರಮಾಣ, ಕೊನೆಗೆ ಕೋರ್ಟಿನ ಹೆಸರು ಕೂಡ ಬದಲಾಗಬಹುದು. ಟೆಕ್ಸಾಸಿನಲ್ಲಿ ಇಂದಿಗೂ ಮರಣದಂಡನೆ ಜಾರಿಯಲ್ಲಿದೆ. ಮಿಷಿಗನ್ ಕೊಲೆ ಅಪರಾಧಕ್ಕೆ ಗಲ್ಲು ಬೇಡವೆಂದು 1846ರಲ್ಲೇ ಕಾನೂನು ಮಾಡಿತು.

ಕೊಲೆ, ಕಳವು, ಹಲ್ಲೆ, ಕುಡಿದು ವಾಹನ ಓಡಿಸುವುದು ಮುಂತಾದ ದಿನನಿತ್ಯದ ಅಪರಾಧಗಳೆಲ್ಲ ರಾಜ್ಯದ ಕಾನೂನಿನಡಿ ಬರುತ್ತವೆ. ದೇಶದ ಬಹುಪಾಲು ಕೇಸುಗಳು ಇಂಥವೇ. ಖೋಟಾ ನೋಟು, ಆದಾಯ ತೆರಿಗೆ ವಂಚನೆ, ಬ್ಯಾಂಕ್ ದರೋಡೆ, ವಲಸೆ ಕಾನೂನಿನ ಉಲ್ಲಂಘನೆ, ರಾಜ್ಯದಿಂದ ರಾಜ್ಯಕ್ಕೆ ಮಾದಕವಸ್ತು ಸಾಗಣೆ ಇತ್ಯಾದಿ ಫೆಡರಲ್ ಕೋರ್ಟಿಗೆ ಹೋಗುತ್ತವೆ. ಒಂದೇ ಕೃತ್ಯ ಎರಡೂ ಕಾನೂನುಗಳ ಪ್ರಕಾರ ಅಪರಾಧವಾಗಿದ್ದರೆ ರಾಜ್ಯ, ಕೇಂದ್ರ ಎರಡೂ ಮೊಕದ್ದಮೆ ಹೂಡಬಹುದು. ಒಬ್ಬನನ್ನು ಒಂದೇ ಅಪರಾಧಕ್ಕೆ ಎರಡು ಸಲ ಕಟಕಟೆ ಹತ್ತಿಸಬಾರದೆಂದು ಸಂವಿಧಾನದಲ್ಲಿದೆ, ನಿಜ. ಆದರೆ ರಾಜ್ಯ ಮತ್ತು ಕೇಂದ್ರ ಎರಡು ಪ್ರತ್ಯೇಕ ಪ್ರಭುತ್ವಗಳಾದ್ದರಿಂದ ಆ ರಕ್ಷಣೆ ಇಲ್ಲಿ ಸಿಗದು ಎಂಬ ಹಳೆಯ ನಿಲುವನ್ನೇ ಸುಪ್ರೀಂ ಕೋರ್ಟ್ 2019ರಲ್ಲಿ ಮತ್ತೆ ಎತ್ತಿಹಿಡಿಯಿತು. 2020ರ ಮೇ ತಿಂಗಳಲ್ಲಿ ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಕುತ್ತಿಗೆಯ ಮೇಲೆ ಮಂಡಿಯೂರಿ ಕೊಂದ ಪೊಲೀಸ್ ಅಧಿಕಾರಿ ಡೆರೆಕ್ ಶೋವಿನ್‌ಗೆ ಕೊಲೆಯ ಅಪರಾಧಕ್ಕಾಗಿ ಮಿನೆಸೋಟ ರಾಜ್ಯದ ಕೋರ್ಟು ಇಪ್ಪತ್ತೆರಡೂವರೆ ವರ್ಷ ವಿಧಿಸಿತು; ನಾಗರಿಕ ಹಕ್ಕುಗಳ ಉಲ್ಲಂಘನೆಗಾಗಿ ಫೆಡರಲ್ ಕೋರ್ಟು 21 ವರ್ಷ ವಿಧಿಸಿತು. ಎರಡು ಶಿಕ್ಷೆಗಳೂ ಒಟ್ಟಿಗೇ ಸಾಗುತ್ತಿವೆ.

ಪೊಲೀಸ್ ವ್ಯವಸ್ಥೆಯೂ ಹೀಗೇ ಹರಿದು ಹಂಚಿಹೋಗಿದೆ. ದೇಶದಲ್ಲಿ ಸುಮಾರು 18,000 ಪೊಲೀಸ್ ಸಂಸ್ಥೆಗಳಿವೆ. ನ್ಯೂಯಾರ್ಕ್ ನಗರದ ಇಲಾಖೆಯಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಅಧಿಕಾರಿಗಳಿದ್ದರೆ, ಸಣ್ಣ ಊರುಗಳ ಇಲಾಖೆಗಳಲ್ಲಿ ಹತ್ತು ಜನವೂ ಇರುವುದಿಲ್ಲ. ನಗರ ಪೊಲೀಸರು ನಗರಾಡಳಿತದ ನೌಕರರು. ನಮ್ಮ ಜಿಲ್ಲೆಗೆ ಸುಮಾರಾಗಿ ಹೋಲುವ ಕೌಂಟಿಯ ಶೆರಿಫ್ ಬಹುತೇಕ ರಾಜ್ಯಗಳಲ್ಲಿ ಚುನಾವಣೆಯಲ್ಲಿ ಗೆದ್ದು ಬರುತ್ತಾನೆ. ಕೌಂಟಿಯ ಜೈಲನ್ನು ಸಾಮಾನ್ಯವಾಗಿ ನೋಡಿಕೊಳ್ಳುವವನೂ ಅವನೇ. ಸಿನಿಮಾಗಳಲ್ಲಿ ಎಲ್ಲೆಂದರಲ್ಲಿ ಪ್ರತ್ಯಕ್ಷವಾಗುವ, 1908ರಲ್ಲಿ ಸ್ಥಾಪನೆಯಾದ ಎಫ್‌ಬಿಐ ಇವರ ಮೇಲಧಿಕಾರಿಯಲ್ಲ. ಅದರ ಕೆಲಸ ಫೆಡರಲ್ ಅಪರಾಧಗಳಿಗೆ ಸೀಮಿತ.

ಕಾನೂನುಗಳು ಎಷ್ಟೇ ಬಗೆಯವಾದರೂ ಎಲ್ಲ ಪೊಲೀಸರನ್ನೂ ಎಲ್ಲ ಕೋರ್ಟುಗಳನ್ನೂ ಕಟ್ಟಿಹಾಕುವುದು ಸಂವಿಧಾನ. 1791ರಲ್ಲಿ ಜಾರಿಗೆ ಬಂದ ಮೊದಲ ಹತ್ತು ತಿದ್ದುಪಡಿಗಳಲ್ಲಿ ನಾಲ್ಕು ಇಲ್ಲಿ ಮುಖ್ಯ. ನಾಲ್ಕನೆಯದು ಸಕಾರಣವಿಲ್ಲದ ಶೋಧ ಮತ್ತು ಬಂಧನವನ್ನು ತಡೆಯುತ್ತದೆ. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಯಾರನ್ನೂ ಬಲವಂತಪಡಿಸಬಾರದು ಎಂಬುದು ಐದನೆಯದರಲ್ಲಿದೆ. ಆರನೆಯದು ವಕೀಲರ ನೆರವು, ಜ್ಯೂರಿ, ಶೀಘ್ರ ಹಾಗೂ ಬಹಿರಂಗ ವಿಚಾರಣೆಯ ಹಕ್ಕನ್ನು ಕೊಡುತ್ತದೆ. ಅತಿಯಾದ ಜಾಮೀನು ಮೊತ್ತವನ್ನೂ ಕ್ರೂರ ಶಿಕ್ಷೆಯನ್ನೂ ನಿಷೇಧಿಸುವುದು ಎಂಟನೆಯದು. ಇವೆಲ್ಲ ಮೊದಲಿಗೆ ಕೇಂದ್ರ ಸರ್ಕಾರಕ್ಕಷ್ಟೇ ಹಾಕಿದ ಕಡಿವಾಣಗಳಾಗಿದ್ದವು. ಅಂತರ್ಯುದ್ಧ ಮುಗಿದ ಮೇಲೆ 1868ರಲ್ಲಿ ಬಂದ ಹದಿನಾಲ್ಕನೆಯ ತಿದ್ದುಪಡಿಯ ಆಧಾರದ ಮೇಲೆ ಸುಪ್ರೀಂ ಕೋರ್ಟ್ ಅವನ್ನು ಒಂದೊಂದಾಗಿ ರಾಜ್ಯಗಳಿಗೂ ವಿಸ್ತರಿಸಿತು. ಈ ಕೆಲಸ ಅತಿ ಬಿರುಸಾಗಿ ನಡೆದದ್ದು 1960ರ ದಶಕದಲ್ಲಿ, ಅರ್ಲ್ ವಾರೆನ್ ಮುಖ್ಯ ನ್ಯಾಯಮೂರ್ತಿಯಾಗಿದ್ದಾಗ. ಅಕ್ರಮ ಶೋಧದಿಂದ ಸಿಕ್ಕ ಸಾಕ್ಷ್ಯವನ್ನು ರಾಜ್ಯದ ಕೋರ್ಟುಗಳೂ ತಳ್ಳಿಹಾಕಬೇಕು ಎಂಬ ತೀರ್ಪು ಬಂದದ್ದು 1961ರಲ್ಲಿ.

ಆ ದಶಕದ ಎರಡು ಹೆಸರುಗಳು ಅಮೆರಿಕದಲ್ಲಿ ಮನೆಮಾತು. ಫ್ಲಾರಿಡದ ಪನಾಮ ಸಿಟಿಯಲ್ಲಿ ಬಿಲಿಯರ್ಡ್ಸ್ ಅಂಗಡಿಯೊಂದಕ್ಕೆ ಕನ್ನ ಹಾಕಿದ ಆರೋಪ ಹೊತ್ತ ಕ್ಲಾರೆನ್ಸ್ ಅರ್ಲ್ ಗಿಡಿಯನ್ ಎಂಬ ಬಡವ, ವಕೀಲರನ್ನು ಇಟ್ಟುಕೊಳ್ಳಲು ಕಾಸಿಲ್ಲ, ಕೋರ್ಟೇ ಒಬ್ಬರನ್ನು ಕೊಡಲಿ ಎಂದು ಕೇಳಿದ. ಮರಣದಂಡನೆಯ ಕೇಸಾಗಿದ್ದರೆ ಮಾತ್ರ ಎಂದು ನ್ಯಾಯಾಧೀಶರು ನಿರಾಕರಿಸಿದರು. ತನ್ನ ವಾದವನ್ನು ತಾನೇ ಮಾಡಿ ಸೋತು, ಐದು ವರ್ಷದ ಶಿಕ್ಷೆಗೆ ಗುರಿಯಾದ ಗಿಡಿಯನ್ ಸೆರೆಮನೆಯಿಂದಲೇ ಪೆನ್ಸಿಲ್ಲಿನಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಬರೆದ. 1963ರಲ್ಲಿ ಒಂಬತ್ತೂ ನ್ಯಾಯಮೂರ್ತಿಗಳು ಅವನ ಪರವಾಗಿ ತೀರ್ಪಿತ್ತರು. ವಕೀಲರ ನೆರವಿನೊಂದಿಗೆ ನಡೆದ ಮರುವಿಚಾರಣೆಯಲ್ಲಿ ಅವನು ಖುಲಾಸೆಯಾದ. ಇಂದು ಬಡ ಆರೋಪಿಗಳ ಪರ ವಾದಿಸುವ, ಸರ್ಕಾರವೇ ಸಂಬಳ ಕೊಡುವ ಪಬ್ಲಿಕ್ ಡಿಫೆಂಡರ್ ಕಚೇರಿಗಳು ಬೆಳೆದದ್ದು ಈ ತೀರ್ಪಿನ ಬಲದಿಂದ. ಕಚೇರಿಗಳೇನೋ ಇವೆ, ಆದರೆ ಒಬ್ಬೊಬ್ಬ ವಕೀಲರ ಮೇಜಿನ ಮೇಲಿನ ಕಡತಗಳ ರಾಶಿ ನೋಡಿದರೆ ಆ ಹಕ್ಕು ಎಷ್ಟರಮಟ್ಟಿಗೆ ಕೈಗೆಟುಕಿದೆ ಎಂಬ ಪ್ರಶ್ನೆ ಏಳುತ್ತದೆ.

ಇನ್ನೊಂದು ಹೆಸರು ಅರ್ನೆಸ್ಟೊ ಮಿರಾಂಡನದು. ಅರಿಜೋನದ ಫೀನಿಕ್ಸ್ ಪೊಲೀಸರ ಮುಂದೆ ಅವನು ಕೊಟ್ಟ ತಪ್ಪೊಪ್ಪಿಗೆಯನ್ನು 1966ರಲ್ಲಿ ಸುಪ್ರೀಂ ಕೋರ್ಟ್ ಅಮಾನ್ಯಗೊಳಿಸಿತು. ಮೌನವಾಗಿರುವ ಹಕ್ಕಿದೆ, ಆಡಿದ ಮಾತು ಕೋರ್ಟಿನಲ್ಲಿ ವಿರುದ್ಧವಾಗಿ ಬಳಕೆಯಾಗಬಹುದು, ವಕೀಲರನ್ನು ಪಡೆಯುವ ಹಕ್ಕಿದೆ, ದುಡ್ಡಿಲ್ಲದಿದ್ದರೆ ವಕೀಲರನ್ನು ನೇಮಿಸಿಕೊಡಲಾಗುತ್ತದೆ ಎಂಬ ನಾಲ್ಕು ಮಾತುಗಳನ್ನು ವಶದಲ್ಲಿರುವ ಆರೋಪಿಗೆ ವಿಚಾರಿಸುವ ಮುನ್ನ ಹೇಳಲೇಬೇಕೆಂದಿತು. ಮಿರಾಂಡನಿಗೆ ಅದರಿಂದ ಹೆಚ್ಚೇನೂ ಲಾಭವಾಗಲಿಲ್ಲ. ತಪ್ಪೊಪ್ಪಿಗೆಯನ್ನು ಬದಿಗಿಟ್ಟು ನಡೆಸಿದ ಮರುವಿಚಾರಣೆಯಲ್ಲೂ ಅವನಿಗೆ ಶಿಕ್ಷೆಯಾಯಿತು.

ಅಪರಾಧಗಳಲ್ಲಿ ಎರಡು ದರ್ಜೆ. ಒಂದು ವರ್ಷದೊಳಗಿನ ಶಿಕ್ಷೆಯ ಸಣ್ಣ ಅಪರಾಧ ಸಾಮಾನ್ಯವಾಗಿ ಮಿಸ್‌ಡಿಮೀನರ್, ಅದಕ್ಕಿಂತ ದೊಡ್ಡದು ಫೆಲನಿ. ವಾರಂಟ್ ಇಲ್ಲದೆ ಬಂಧಿಸಿದ್ದರೆ ಬಂಧನಕ್ಕೆ ತಕ್ಕ ಆಧಾರವಿದೆಯೇ ಎಂಬುದನ್ನು ಸಾಮಾನ್ಯವಾಗಿ 48 ಗಂಟೆಗಳೊಳಗೆ ನ್ಯಾಯಾಧೀಶರು ಪರಿಶೀಲಿಸಬೇಕು. ಜಾಮೀನಿನ ಮಾತು ಬರುವುದೂ ಸುಮಾರಿಗೆ ಆಗಲೇ. ಅನೇಕ ರಾಜ್ಯಗಳಲ್ಲಿ ಜಾಮೀನು ಎಂದರೆ ನಗದು. ಅಷ್ಟು ಹಣ ಇಲ್ಲದವರು ಬೇಲ್ ಬಾಂಡ್ ಏಜೆಂಟರ ಬಳಿ ಹೋಗುತ್ತಾರೆ. ಏಜೆಂಟ್ ಸುಮಾರು ಶೇ 10ರಷ್ಟು ಶುಲ್ಕ ಪಡೆದು ಪೂರ್ತಿ ಮೊತ್ತಕ್ಕೆ ಹೊಣೆ ನಿಲ್ಲುತ್ತಾನೆ. ಆರೋಪಿ ನಿರ್ದೋಷಿಯಾದರೂ ಆ ಶುಲ್ಕ ವಾಪಸಾಗುವುದಿಲ್ಲ. ಜಾಮೀನು ಹೀಗೆ ವ್ಯಾಪಾರವಾಗಿರುವುದು ಜಗತ್ತಿನಲ್ಲಿ ಅಪರೂಪ. ನಗದು ಜಾಮೀನನ್ನು ಸಂಪೂರ್ಣ ರದ್ದುಮಾಡಿದ ಮೊದಲ ರಾಜ್ಯ ಇಲಿನಾಯ್. ಅದು ಜಾರಿಯಾದದ್ದು 2023ರ ಸೆಪ್ಟೆಂಬರ್‌ನಲ್ಲಿ.

ಪೊಲೀಸರು ಹಿಡಿದುಕೊಟ್ಟ ಮಾತ್ರಕ್ಕೆ ಕೇಸು ನಿಲ್ಲುವುದಿಲ್ಲ. ಯಾವ ಆರೋಪ ಹೊರಿಸಬೇಕು, ಹೊರಿಸಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸುವವರು ಪ್ರಾಸಿಕ್ಯೂಟರ್. ಕೌಂಟಿ ಮಟ್ಟದಲ್ಲಿ ಇವರನ್ನು ಡಿಸ್ಟ್ರಿಕ್ಟ್ ಅಟಾರ್ನಿ ಎನ್ನುತ್ತಾರೆ. ಬಹುತೇಕ ರಾಜ್ಯಗಳಲ್ಲಿ ಇವರೂ ಚುನಾವಣೆಗೆ ನಿಂತು ಮತ ಕೇಳಿ ಗೆದ್ದು ಬರುವವರೇ. ಫೆಡರಲ್ ಮುಖ್ಯ ಪ್ರಾಸಿಕ್ಯೂಟರುಗಳನ್ನು ಅಧ್ಯಕ್ಷರು ನೇಮಿಸುತ್ತಾರೆ. ಕೇಸನ್ನು ಕೈಬಿಡುವ ಅಧಿಕಾರವೂ ಇವರದೇ, ಮತ್ತು ಆ ತೀರ್ಮಾನವನ್ನು ಕೋರ್ಟುಗಳು ಪ್ರಶ್ನಿಸುವುದು ವಿರಳ. ಅಮೆರಿಕದ ನ್ಯಾಯವ್ಯವಸ್ಥೆಯಲ್ಲಿ ಅತಿ ಹೆಚ್ಚು ಅಧಿಕಾರ ಯಾರ ಕೈಯಲ್ಲಿದೆ ಎಂದರೆ, ಪೀಠದ ಮೇಲೆ ಕುಳಿತವರ ಕೈಯಲ್ಲಲ್ಲ, ಈ ಸರ್ಕಾರಿ ವಕೀಲರ ಕೈಯಲ್ಲಿ.

ಫೆಡರಲ್ ಫೆಲನಿ ಕೇಸುಗಳಲ್ಲಿ ಆರೋಪ ಹೊರಿಸಲು ಗ್ರ್ಯಾಂಡ್ ಜ್ಯೂರಿಯ ಒಪ್ಪಿಗೆ ಬೇಕು. 16ರಿಂದ 23 ಸಾಮಾನ್ಯ ನಾಗರಿಕರ ಈ ಮಂಡಳಿ ಗುಪ್ತವಾಗಿ ಸೇರುತ್ತದೆ. ಅಲ್ಲಿ ನ್ಯಾಯಾಧೀಶರಿರುವುದಿಲ್ಲ, ಆರೋಪಿಯ ವಕೀಲರಿಗೂ ಪ್ರವೇಶವಿಲ್ಲ. ಕೇಳಿಬರುವುದು ಪ್ರಾಸಿಕ್ಯೂಟರ್ ವಾದವೊಂದೇ. ಹನ್ನೆರಡು ಮಂದಿ ಒಪ್ಪಿದರೆ ದೋಷಾರೋಪ ಸಿದ್ಧ. ರಾಜ್ಯಗಳು ಇದನ್ನು ಪಾಲಿಸಲೇಬೇಕೆಂದಿಲ್ಲ. ಹಲವು ರಾಜ್ಯಗಳಲ್ಲಿ ನ್ಯಾಯಾಧೀಶರ ಮುಂದೆ ಪ್ರಾಥಮಿಕ ವಿಚಾರಣೆ ನಡೆಸಿದರೆ ಸಾಕು.

ಮುಂದಿನ ಹಂತ ಜ್ಯೂರಿಯೆದುರಿನ ವಾದ-ಪ್ರತಿವಾದ ಎಂದೇ ಎಲ್ಲರೂ ಎಣಿಸುವುದು. ವಾಸ್ತವದಲ್ಲಿ ಶೇ 90ಕ್ಕೂ ಹೆಚ್ಚು ಕೇಸುಗಳು ಅಲ್ಲಿಯವರೆಗೆ ಹೋಗುವುದೇ ಇಲ್ಲ. ಫೆಡರಲ್ ಕೋರ್ಟುಗಳಲ್ಲಿ ಶೇ 97, ರಾಜ್ಯಗಳಲ್ಲಿ ಶೇ 94ರಷ್ಟು ಶಿಕ್ಷೆಗಳು ತಪ್ಪೊಪ್ಪಿಗೆಯಿಂದಲೇ ಆಗುತ್ತವೆ ಎಂದು 2012ರ ತೀರ್ಪೊಂದರಲ್ಲಿ ಸುಪ್ರೀಂ ಕೋರ್ಟೇ ದಾಖಲಿಸಿತು. ಇದು ಪ್ಲೀ ಬಾರ್ಗೇನಿಂಗ್. ಆರೋಪಿ ತಪ್ಪೊಪ್ಪಿಕೊಂಡರೆ ಪ್ರಾಸಿಕ್ಯೂಟರ್ ದೊಡ್ಡ ಆರೋಪವನ್ನು ಚಿಕ್ಕದಾಗಿಸುತ್ತಾರೆ, ಇಲ್ಲವೇ ಕಡಿಮೆ ಶಿಕ್ಷೆಗೆ ಶಿಫಾರಸು ಮಾಡುತ್ತಾರೆ. ಸಂತೆಯಲ್ಲಿ ದನದ ವ್ಯಾಪಾರ ಕುದುರುವ ಹಾಗೆ ಮಾತು ಕೋರ್ಟಿನ ಮೊಗಸಾಲೆಯಲ್ಲೋ ಫೋನಿನಲ್ಲೋ ಕುದುರುತ್ತದೆ. ಆಮೇಲೆ ನ್ಯಾಯಾಧೀಶರ ಮುಂದೆ ಆರೋಪಿ ನಿಂತು, ಜ್ಯೂರಿಯ ಹಕ್ಕನ್ನು, ಸಾಕ್ಷಿಗಳನ್ನು ಪಾಟೀ ಸವಾಲಿಗೆ ಒಳಪಡಿಸುವ ಹಕ್ಕನ್ನು ಸ್ವಇಚ್ಛೆಯಿಂದ ಬಿಟ್ಟುಕೊಡುತ್ತಿದ್ದೇನೆ ಎಂದು ಹೇಳಬೇಕು. ಇಷ್ಟು ಮುಗಿಯಲು ಕೆಲವೇ ನಿಮಿಷ ಸಾಕು.

ಒಪ್ಪದಿದ್ದರೆ ಏನಾಗಬಹುದು ಎಂಬುದಕ್ಕೆ ಕೆಂಟಕಿಯ ಪಾಲ್ ಹೇಯ್ಸ್ ಪ್ರಕರಣ ನೋಡಬೇಕು. 88 ಡಾಲರ್ 30 ಸೆಂಟಿನ ಖೋಟಾ ಚೆಕ್ ಅವನ ಮೇಲಿದ್ದ ಆರೋಪ. ಒಪ್ಪಿಕೊಂಡರೆ ಐದು ವರ್ಷ, ಇಲ್ಲದಿದ್ದರೆ ರೂಢಿಗತ ಅಪರಾಧಿಗಳ ಕಾನೂನಿನಡಿ ಹೊಸ ಆರೋಪ ಹೊರಿಸುತ್ತೇನೆ ಎಂದು ಪ್ರಾಸಿಕ್ಯೂಟರ್ ಹೇಳಿದರು. ಹೇಯ್ಸ್ ಒಪ್ಪಲಿಲ್ಲ. ಹಿಂದೆ ಎರಡು ಸಲ ಶಿಕ್ಷೆಯಾಗಿದ್ದ ಅವನಿಗೆ ಜೀವಾವಧಿ ಬಿತ್ತು. ಇದರಲ್ಲಿ ಸಂವಿಧಾನಕ್ಕೆ ವಿರುದ್ಧವಾದದ್ದೇನೂ ಇಲ್ಲ ಎಂದು 1978ರಲ್ಲಿ ಸುಪ್ರೀಂ ಕೋರ್ಟ್ ಐದು-ನಾಲ್ಕರ ಬಹುಮತದಿಂದ ಹೇಳಿತು. ಚೌಕಾಸಿ ಇಲ್ಲದಿದ್ದರೆ ಕೋರ್ಟುಗಳು ಕೇಸುಗಳ ಭಾರದಲ್ಲಿ ಕುಸಿಯುತ್ತವೆ ಎಂಬುದು ಅದರ ಪರ ಇರುವ ಮುಖ್ಯ ವಾದ. ಆ ವಾದದಲ್ಲಿ ಹುರುಳಿದೆ. ಆದರೆ ಜಾಮೀನಿಗೆ ದುಡ್ಡಿಲ್ಲದೆ ಒಳಗಿರುವವನಿಗೆ, ಇವತ್ತು ತಪ್ಪೊಪ್ಪಿಕೊಂಡರೆ ಇವತ್ತೇ ಮನೆಗೆ ಎಂದಾಗ ಸ್ವಇಚ್ಛೆ ಎಂಬ ಮಾತಿಗೆ ಅರ್ಥ ಉಳಿಯುವುದು ಕಷ್ಟ. ಮುಂದೆ ನಿರಪರಾಧಿಗಳೆಂದು ಸಾಬೀತಾದವರಲ್ಲಿ ಹಿಂದೆ ತಪ್ಪೊಪ್ಪಿಕೊಂಡಿದ್ದವರೂ ಇದ್ದಾರೆ. ಭಾರತ ಈ ಪದ್ಧತಿಯನ್ನು 2006ರಿಂದ ಜಾರಿಗೆ ತಂದಿದ್ದರೂ ಏಳು ವರ್ಷ ಮೀರಿದ ಶಿಕ್ಷೆಯ ಅಪರಾಧಗಳನ್ನೂ ಮಹಿಳೆ-ಮಕ್ಕಳ ಮೇಲಿನ ಅಪರಾಧಗಳನ್ನೂ ಅದರಿಂದ ಹೊರಗಿಟ್ಟಿದೆ.

ಚೌಕಾಸಿಗೆ ಒಗ್ಗದ ಕೇಸುಗಳು ಜ್ಯೂರಿಯ ಮುಂದೆ ಬರುತ್ತವೆ. ಸಾಮಾನ್ಯವಾಗಿ ಹನ್ನೆರಡು ಮಂದಿ. ಕೆಲವು ರಾಜ್ಯಗಳಲ್ಲಿ ಕೆಲವು ಕೇಸುಗಳಿಗೆ ಆರು. ಊರವರ ಪಟ್ಟಿಯಿಂದ ಕರೆಸಿದವರನ್ನು ಎರಡೂ ಕಡೆಯ ವಕೀಲರು ಪ್ರಶ್ನಿಸಿ, ಬೇಡವೆನಿಸಿದ ಕೆಲವರನ್ನು ಕಾರಣ ಕೊಡದೆಯೇ ಕೈಬಿಡಬಹುದು. ಕಪ್ಪು ವರ್ಣೀಯರನ್ನು ಹೊರಗಿಡಲು ಈ ಅವಕಾಶದ ದುರುಪಯೋಗ ನಡೆಯುತ್ತಿತ್ತು. 1986ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿಷೇಧಿಸಿದರೂ ಪೂರ್ತಿ ನಿಂತಿಲ್ಲ. ಸಮಂಜಸವಾದ ಸಂದೇಹಕ್ಕೆ ಎಡೆಯಿಲ್ಲದಂತೆ ಅಪರಾಧವನ್ನು ಸಾಬೀತುಪಡಿಸುವ ಹೊಣೆ ಸರ್ಕಾರದ್ದು. ಆರೋಪಿ ಬಾಯಿ ತೆರೆಯದಿದ್ದರೆ ಅದನ್ನು ಅವನ ವಿರುದ್ಧ ಎಣಿಸುವಂತಿಲ್ಲ. ಕಾನೂನು ಏನೆಂದು ನ್ಯಾಯಾಧೀಶರು ವಿವರಿಸುತ್ತಾರೆ; ಏನು ನಡೆಯಿತು ಎಂಬುದನ್ನು ತೀರ್ಮಾನಿಸುವುದು ಜ್ಯೂರಿಯ ಪಾಲು. ಅವರು ಕಾರಣ ಬರೆಯಬೇಕಿಲ್ಲ. ತೀರ್ಪು ಸರ್ವಾನುಮತದ್ದಾಗಿರಬೇಕು, ಲೂಸಿಯಾನ ಮತ್ತು ಆರೆಗಾನ್ ರಾಜ್ಯಗಳಲ್ಲಿದ್ದ ಬಹುಮತದ ಪದ್ಧತಿಗೆ 2020ರಲ್ಲಿ ತೆರೆ ಬಿತ್ತು. ಒಬ್ಬರು ಒಪ್ಪದೆ ಕುಳಿತರೂ ವಿಚಾರಣೆ ನಿಷ್ಫಲ, ಬೇಕಿದ್ದರೆ ಹೊಸ ಜ್ಯೂರಿಯೊಂದಿಗೆ ಮೊದಲಿನಿಂದ ಶುರುಮಾಡಬೇಕು. ಜ್ಯೂರಿ ಖುಲಾಸೆ ಮಾಡಿದರೆ ಮಾತ್ರ ಅಲ್ಲಿಗೆ ಮುಗಿಯಿತು. ಭಾರತದಲ್ಲಿರುವಂತೆ ಖುಲಾಸೆಯ ವಿರುದ್ಧ ಸರ್ಕಾರ ಮೇಲ್ಮನವಿ ಹೋಗುವಂತಿಲ್ಲ.

ಶಿಕ್ಷೆ ನಿಗದಿ ಬಹುತೇಕ ನ್ಯಾಯಾಧೀಶರ ಕೆಲಸ. ಆದರೆ ಹಲವು ಅಪರಾಧಗಳಿಗೆ ಶಾಸನಸಭೆಯೇ ಕನಿಷ್ಠ ಶಿಕ್ಷೆ ಗೊತ್ತುಮಾಡಿ ಅವರ ಕೈ ಕಟ್ಟಿದೆ. 1986ರ ಫೆಡರಲ್ ಕಾನೂನಿನಂತೆ 500 ಗ್ರಾಂ ಪುಡಿ ಕೊಕೇನಿಗೆ ಬೀಳುತ್ತಿದ್ದ ಐದು ವರ್ಷದ ಕನಿಷ್ಠ ಶಿಕ್ಷೆ, ಬಡ ಕಪ್ಪು ಬಡಾವಣೆಗಳಲ್ಲಿ ಹೆಚ್ಚು ಮಾರಾಟವಾಗುತ್ತಿದ್ದ ಕ್ರ್ಯಾಕ್ ಕೊಕೇನಿಗಾದರೆ ಐದೇ ಗ್ರಾಮಿಗೆ ಬೀಳುತ್ತಿತ್ತು. ನೂರಕ್ಕೆ ಒಂದರ ಈ ಅಂತರವನ್ನು ಹದಿನೆಂಟಕ್ಕೆ ಇಳಿಸಲು 2010 ಬರಬೇಕಾಯಿತು. ಮೂರನೆಯ ಸಲ ಅಪರಾಧ ಮಾಡಿದವರಿಗೆ ಭಾರಿ ಶಿಕ್ಷೆ ವಿಧಿಸುವ ಕ್ಯಾಲಿಫೋರ್ನಿಯದ 1994ರ ‘ತ್ರೀ ಸ್ಟ್ರೈಕ್ಸ್’ ಕಾನೂನಿನಡಿ ಮೂರು ಗಾಲ್ಫ್ ಕೋಲು ಕದ್ದ ಹಳೆಯ ಅಪರಾಧಿಯೊಬ್ಬನಿಗೆ ಕನಿಷ್ಠ 25 ವರ್ಷಗಳ ಜೀವಾವಧಿ ವಿಧಿಸಿದ್ದನ್ನು ಸುಪ್ರೀಂ ಕೋರ್ಟ್ 2003ರಲ್ಲಿ ಒಪ್ಪಿಕೊಂಡಿತು. ಜೈಲಿಗೆ ಕಳಿಸದೆ ಷರತ್ತು ಹಾಕಿ ಹೊರಗೇ ಬಿಡುವ ಪ್ರೊಬೇಷನ್ ಪದ್ಧತಿಯೂ ಹುಟ್ಟಿದ್ದು ಇದೇ ದೇಶದಲ್ಲಿ. 1841ರಲ್ಲಿ ಬಾಸ್ಟನ್ನಿನ ಚಮ್ಮಾರ ಜಾನ್ ಅಗಸ್ಟಸ್ ಕುಡುಕನೊಬ್ಬನಿಗೆ ತಾನು ಹೊಣೆಯೆಂದು ಕೋರ್ಟಿನಲ್ಲಿ ನಿಂತದ್ದು ಅದರ ಮೂಲ.

ಜೈಲ್ ಮತ್ತು ಪ್ರಿಸನ್ ಅಲ್ಲಿ ಬೇರೆ ಬೇರೆ. ಜೈಲು ಕೌಂಟಿಯದು, ಅಲ್ಲಿರುವವರಲ್ಲಿ ಹೆಚ್ಚಿನವರು ಇನ್ನೂ ಶಿಕ್ಷೆಯಾಗದ ವಿಚಾರಣಾಧೀನರು. ಪ್ರಿಸನ್ ರಾಜ್ಯದ್ದೋ ಕೇಂದ್ರದ್ದೋ ಆಗಿದ್ದು, ದೀರ್ಘ ಶಿಕ್ಷೆಯವರಿಗೆ ಮೀಸಲು. ಎಲ್ಲ ಸೇರಿ ಸುಮಾರು 18–19 ಲಕ್ಷ ಮಂದಿ ಒಳಗಿದ್ದಾರೆ. ಜನಸಂಖ್ಯೆಯ ಅನುಪಾತದಲ್ಲಿ ಅತಿ ಹೆಚ್ಚು ಜನರನ್ನು ಸೆರೆಯಲ್ಲಿಟ್ಟಿರುವ ದೇಶಗಳ ಸಾಲಿನಲ್ಲಿ ಅಮೆರಿಕ ಇದೆ. ಅವಧಿಗೆ ಮುನ್ನ ಬಿಡುವ ಪೆರೋಲ್ ಹಲವು ರಾಜ್ಯಗಳಲ್ಲಿದೆ. ಫೆಡರಲ್ ವ್ಯವಸ್ಥೆ ಹೊಸ ಅಪರಾಧಿಗಳಿಗೆ ಅದನ್ನು 1984ರ ಕಾನೂನಿನಿಂದ ಕೈಬಿಟ್ಟಿತು.

ಶಿಕ್ಷೆಯಾದವರು ಮೇಲ್ಮನವಿ ಸಲ್ಲಿಸಬಹುದು. ಮೇಲಿನ ಕೋರ್ಟು ಸಾಕ್ಷಿಗಳನ್ನು ಮತ್ತೆ ಕರೆಸುವುದಿಲ್ಲ. ಕೆಳಗೆ ಕಾನೂನಿನ ತಪ್ಪೇನಾದರೂ ನಡೆದಿದೆಯೇ ಎಂದಷ್ಟೇ ನೋಡುತ್ತದೆ. ತಪ್ಪೊಪ್ಪಿಕೊಂಡವರು ಎಷ್ಟೋ ಸಲ ಈ ಹಕ್ಕನ್ನೂ ಒಪ್ಪಂದದಲ್ಲೇ ಬಿಟ್ಟುಕೊಟ್ಟಿರುತ್ತಾರೆ. ವರ್ಷಕ್ಕೆ ಬರುವ ಸಾವಿರಾರು ಅರ್ಜಿಗಳಲ್ಲಿ ಸುಪ್ರೀಂ ಕೋರ್ಟ್ ಕೈಗೆತ್ತಿಕೊಳ್ಳುವುದು ಅರವತ್ತೋ ಎಪ್ಪತ್ತೋ. ಎಲ್ಲ ಬಾಗಿಲು ಮುಚ್ಚಿದ ಮೇಲೂ, ಸೆರೆಯಲ್ಲಿಟ್ಟಿರುವುದೇ ಕಾನೂನುಬಾಹಿರ ಎಂದು ಪ್ರಶ್ನಿಸುವ ಹೇಬಿಯಸ್ ಕಾರ್ಪಸ್ ಅರ್ಜಿಗೆ ಅವಕಾಶವಿದೆ, ಆದರೆ 1996ರ ಕಾನೂನು ಅದಕ್ಕೆ ಒಂದು ವರ್ಷದ ಗಡುವು ಹಾಕಿದೆ. ಡಿಎನ್‌ಎ ಪರೀಕ್ಷೆಯ ಮೂಲಕ ನಿರಪರಾಧಿಗಳನ್ನು ಬಿಡಿಸಲು ಬ್ಯಾರಿ ಶೆಕ್ ಮತ್ತು ಪೀಟರ್ ನ್ಯೂಫೆಲ್ಡ್ 1992ರಲ್ಲಿ ಸ್ಥಾಪಿಸಿದ ಇನೊಸೆನ್ಸ್ ಪ್ರಾಜೆಕ್ಟ್, ಮರಣದಂಡನೆಗೆ ಗುರಿಯಾಗಿದ್ದವರನ್ನೂ ಹೊರತಂದಿದೆ. ಕ್ಷಮಾದಾನದಲ್ಲೂ ಹಂಚಿಕೆಯಿದೆ: ಅಧ್ಯಕ್ಷರು ಕ್ಷಮಿಸಬಹುದಾದದ್ದು ಫೆಡರಲ್ ಅಪರಾಧವನ್ನು ಮಾತ್ರ. ರಾಜ್ಯದ ಅಪರಾಧಕ್ಕೆ ಅಲ್ಲಿನ ಗವರ್ನರ್ ಇಲ್ಲವೇ ಕ್ಷಮಾ ಮಂಡಳಿಯ ಮೊರೆ ಹೋಗಬೇಕು.

ಓದಲು ಅಥವಾ ದುಡಿಯಲು ಅಲ್ಲಿಗೆ ಹೋದ ಕನ್ನಡಿಗರು ಗಮನಿಸಬೇಕಾದ ಸಂಗತಿಯೊಂದಿದೆ. ಅಮೆರಿಕದ ಪೌರರಲ್ಲದವರಿಗೆ ಕೋರ್ಟು ವಿಧಿಸುವ ಶಿಕ್ಷೆಯ ಜೊತೆಗೆ ಗಡೀಪಾರು ಕೂಡ ಬರಬಹುದು. ಜೈಲು ತಪ್ಪಿಸಿಕೊಳ್ಳಲು ಒಪ್ಪಿಕೊಂಡ ಅಪರಾಧವೇ ವೀಸಾ ಅಥವಾ ಗ್ರೀನ್ ಕಾರ್ಡಿಗೆ ಕುತ್ತಾದ ಉದಾಹರಣೆಗಳಿವೆ. ತಪ್ಪೊಪ್ಪಿಕೊಳ್ಳುವ ಮೊದಲು ಗಡೀಪಾರಿನ ಸಾಧ್ಯತೆಯನ್ನು ವಕೀಲರು ಕಕ್ಷಿದಾರನಿಗೆ ತಿಳಿಸಲೇಬೇಕು ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ತೀರ್ಪಿತ್ತಿದೆ. ಬಂಧನದ ಸುದ್ದಿಯನ್ನು ಭಾರತೀಯ ಕಾನ್ಸುಲೇಟಿಗೆ ಮುಟ್ಟಿಸುವಂತೆ ಕೇಳುವ ಹಕ್ಕು 1963ರ ವಿಯೆನ್ನಾ ಒಪ್ಪಂದದ ಪ್ರಕಾರ ಪ್ರತಿಯೊಬ್ಬ ಭಾರತೀಯನಿಗೂ ಇದೆ.