ಮನೆಯಲ್ಲೇ ಐಸ್ಡ್ ಟೀ: ಚಹಾಕ್ಕಿಂತ ಐಸ್ ಮುಖ್ಯ, ಯಾಕೆ ಗೊತ್ತಾ? ಮಾಡುವ ವಿಧಾನ ಇಲ್ಲಿದೆ

ಟಿಟ್ವಾಳಾ: ಏಪ್ರಿಲ್, ಮೇ ತಿಂಗಳಲ್ಲಿ ಕಸಾರಾ ಮಾರ್ಗದ ಲೋಕಲ್ ರೈಲಿನಲ್ಲಿ ಓಡಾಡುವವರಿಗೆ ಸೆಕೆ ಎಂದರೇನು ಎಂದು ಹೇಳಿಕೊಡಬೇಕಾಗಿಲ್ಲ. ಮುಂಬೈ ಸಿಎಸ್‌ಎಂಟಿಯಿಂದ ಟಿಟ್ವಾಳಾಕ್ಕೆ ಸುಮಾರು 64 ಕಿ.ಮೀ. ದೂರ. ಒಂದೂವರೆ ಗಂಟೆ ಜನಜಂಗುಳಿಯಲ್ಲಿ ನಿಂತು ಬಂದು ನಿಲ್ದಾಣದಲ್ಲಿ ಇಳಿಯುವಾಗ ಬಾಯಿ ಒಣಗಿರುತ್ತದೆ. ಕಣ್ಣು ಮೊದಲು ಹುಡುಕುವುದೇ ತಣ್ಣನೆಯ ಏನಾದರೂ ಸಿಗುತ್ತದೆಯೇ ಎಂದು. ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬೈಯಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಲ್ಲಿ ಬೇಸಿಗೆಗೆ ಮಜ್ಜಿಗೆ, ಪಾನಕ, ಪುನರ್ಪುಳಿ ಶರಬತ್ತು ಹೊಸದಲ್ಲ. ಈಗ ಆ ಸಾಲಿಗೆ ಐಸ್ಡ್ ಟೀ ಕೂಡ ಸೇರಿಕೊಂಡಿದೆ.

ಐಸ್ಡ್ ಟೀ ಮಾಡುವುದು ಹತ್ತು ನಿಮಿಷದ ಕೆಲಸ. ಆದರೆ ಹೆಚ್ಚಿನವರು ಚಹಾ ಪುಡಿ ಯಾವುದು, ನಿಂಬೆ ಎಷ್ಟು ಎಂದು ಯೋಚಿಸುತ್ತಾರೆಯೇ ಹೊರತು ಲೋಟಕ್ಕೆ ಹಾಕುವ ಐಸ್ ಬಗ್ಗೆ ಯೋಚಿಸುವುದಿಲ್ಲ. ಹೊಟ್ಟೆ ಕೆಡುವುದು ಅಲ್ಲಿಂದಲೇ.

ಐಸ್ ಬಗ್ಗೆ ಇಷ್ಟು ಎಚ್ಚರಿಕೆ ಯಾಕೆ?

ಫ್ರೀಜರ್‌ನಲ್ಲಿಟ್ಟರೆ ನೀರಿನಲ್ಲಿರುವ ರೋಗಾಣುಗಳು ಸಾಯುತ್ತವೆ ಎಂಬ ನಂಬಿಕೆ ಹಲವರಲ್ಲಿದೆ. ಇದು ತಪ್ಪು. ಹೆಪ್ಪುಗಟ್ಟಿದಾಗ ಹೆಚ್ಚಿನ ಬ್ಯಾಕ್ಟೀರಿಯಾ ಬೆಳೆಯುವುದನ್ನು ನಿಲ್ಲಿಸುತ್ತವೆ, ಆದರೆ ಎಲ್ಲವೂ ಸಾಯುವುದಿಲ್ಲ. ಕಾಮಾಲೆ ತರುವ ಹೆಪಟೈಟಿಸ್ ಎ ವೈರಸ್ ಹೆಪ್ಪುಗಟ್ಟಿದ ಸ್ಥಿತಿಯಲ್ಲೂ ಉಳಿಯುತ್ತದೆ. ಐಸ್ ಕರಗಿದಾಗ ಅವು ನೇರವಾಗಿ ನಿಮ್ಮ ಲೋಟಕ್ಕೆ ಇಳಿಯುತ್ತವೆ. ಟೈಫಾಯ್ಡ್, ವಾಂತಿಭೇದಿ ಹರಡುವ ದಾರಿಯೂ ಇದೇ.

ಮುಂಬೈ ಪ್ರದೇಶಕ್ಕೆ ಇದರ ಅನುಭವ ಚೆನ್ನಾಗಿಯೇ ಇದೆ. 2017ರ ಬೇಸಿಗೆಯಲ್ಲಿ ಮುಂಬೈ ಮಹಾನಗರ ಪಾಲಿಕೆ ಬೀದಿಬದಿಯಲ್ಲಿ ಬಳಸುವ ಐಸ್‌ನ ಮಾದರಿಗಳನ್ನು ಪರೀಕ್ಷಿಸಿದಾಗ ಹೆಚ್ಚಿನವುಗಳಲ್ಲಿ ಇ-ಕೋಲಿ ಬ್ಯಾಕ್ಟೀರಿಯಾ ಕಂಡುಬಂದಿತ್ತು. ಮೀನು ಕೆಡದಂತೆ ಇಡಲು, ಕಾರ್ಖಾನೆ ಬಳಕೆಗೆಂದು ತಯಾರಾಗುವ ಐಸ್ ಅಗ್ಗ. ಅದೇ ಶರಬತ್ತಿನ ಗಾಡಿಗಳಿಗೂ ಬರುತ್ತದೆ ಎಂಬ ದೂರು ಬಹಳ ಕಾಲದಿಂದ ಇತ್ತು. ಹಾಗಾಗಿ 2018ರಲ್ಲಿ ಮಹಾರಾಷ್ಟ್ರದ ಆಹಾರ ಮತ್ತು ಔಷಧ ಆಡಳಿತ ಇಲಾಖೆ, ತಿನ್ನಲು ಯೋಗ್ಯವಲ್ಲದ ಐಸ್‌ಗೆ ನೀಲಿ ಬಣ್ಣ ಸೇರಿಸುವುದನ್ನು ಕಡ್ಡಾಯ ಮಾಡಿತು. ಬಣ್ಣವಿಲ್ಲದ ಐಸ್ ತಿನ್ನಲು, ನೀಲಿ ಐಸ್ ಬೇರೆ ಬಳಕೆಗೆ ಎಂಬುದು ನಿಯಮ. ಗಾಡಿಯಲ್ಲಿ ನೀಲಿ ಛಾಯೆಯ ಐಸ್ ಕಂಡರೆ ಆ ಲೋಟ ಮುಟ್ಟಬೇಡಿ.

ಮರುವರ್ಷ, 2019ರ ಮಾರ್ಚ್‌ನಲ್ಲಿ, ಕುರ್ಲಾ ನಿಲ್ದಾಣದ ಮಳಿಗೆಯೊಂದರಲ್ಲಿ ಅಶುಚಿಯಾಗಿ ನಿಂಬೆ ಶರಬತ್ತು ತಯಾರಿಸುತ್ತಿದ್ದ ವಿಡಿಯೊ ವೈರಲ್ ಆಯಿತು. ಅದರ ಬೆನ್ನಲ್ಲೇ ಮಧ್ಯ ರೈಲ್ವೆ ತನ್ನ ನಿಲ್ದಾಣಗಳಲ್ಲಿ ನಿಂಬೆ ಶರಬತ್ತು, ಕಿತ್ತಳೆ ಜ್ಯೂಸ್, ಕಾಲಾ ಖಟ್ಟಾ ಮಾರಾಟವನ್ನು ನಿಷೇಧಿಸಿತು. ಟಿಟ್ವಾಳಾ ಇರುವುದೂ ಇದೇ ಮಧ್ಯ ರೈಲ್ವೆ ಮಾರ್ಗದಲ್ಲಿ. ಮನೆಯಿಂದಲೇ ಬಾಟಲಿ ತುಂಬಿಸಿಕೊಂಡು ಹೋಗುವುದು ಯಾಕೆ ಒಳ್ಳೆಯದು ಎಂಬುದಕ್ಕೆ ಬೇರೆ ಕಾರಣ ಬೇಕಿಲ್ಲ.

ಮೊದಲು ಐಸ್ ಸಿದ್ಧಪಡಿಸಿ

* ನೀರನ್ನು ಗುಳ್ಳೆ ಉಕ್ಕಿ ಕುದಿಯುವಂತೆ ಮಾಡಿ, ಕನಿಷ್ಠ 1 ನಿಮಿಷ ಹಾಗೆಯೇ ಕುದಿಸಿ.
* ಮುಚ್ಚಳ ಮುಚ್ಚಿ ಆರಲು ಬಿಡಿ. ಕೈ ಅಥವಾ ಸೌಟು ಅದ್ದಬೇಡಿ.
* ಐಸ್ ಟ್ರೇ ಸೋಪಿನಿಂದ ತೊಳೆದು, ಆರಿದ ನೀರು ತುಂಬಿ ಫ್ರೀಜರ್‌ನಲ್ಲಿಡಿ. ಮೀನು, ಮಾಂಸದ ಪೊಟ್ಟಣದ ಕೆಳಗೆ ಟ್ರೇ ಇಡಬೇಡಿ.
* ಮನೆಯಲ್ಲಿ ನೀರು ಶುದ್ಧೀಕರಣ ಯಂತ್ರವಿದ್ದರೆ, ಫಿಲ್ಟರ್ ಸಮಯಕ್ಕೆ ಬದಲಾಯಿಸಿದ್ದರೆ ಆ ನೀರನ್ನೂ ಬಳಸಬಹುದು. ಸೊಸೈಟಿಯ ಟ್ಯಾಂಕ್‌ನಿಂದ ನಲ್ಲಿಗೆ ಬರುವ ನೀರನ್ನು ನೇರವಾಗಿ ಟ್ರೇಗೆ ತುಂಬಬೇಡಿ.

ಒಂದು ಉಪಾಯ: ತಯಾರಿಸಿದ ಚಹಾವನ್ನೇ ಸ್ವಲ್ಪ ಟ್ರೇಗೆ ಸುರಿದು ಐಸ್ ಮಾಡಿಟ್ಟುಕೊಳ್ಳಿ. ಕರಗಿದರೂ ಚಹಾ ನೀರಾಗುವುದಿಲ್ಲ.

ಐಸ್ಡ್ ಟೀ ಮಾಡುವ ವಿಧಾನ (4 ಲೋಟಕ್ಕೆ)

ಬೇಕಾಗುವ ಸಾಮಗ್ರಿ: ನೀರು ಅರ್ಧ ಲೀಟರ್, ಚಹಾ ಪುಡಿ 4 ಟೀ ಚಮಚ, ಸಕ್ಕರೆ 4ರಿಂದ 6 ಟೀ ಚಮಚ, ನಿಂಬೆಹಣ್ಣು 1, ಪುದೀನ ಎಲೆ ಸ್ವಲ್ಪ, ಜಜ್ಜಿದ ಶುಂಠಿ ಬೇಕಿದ್ದರೆ, ಲೋಟ ತುಂಬುವಷ್ಟು ಐಸ್.

1. ನೀರು ಚೆನ್ನಾಗಿ ಕುದಿಸಿ. ಶುಂಠಿ ಹಾಕುವುದಿದ್ದರೆ ಈಗಲೇ ಹಾಕಿ.
2. ಒಲೆ ಆರಿಸಿ ಚಹಾ ಪುಡಿ ಹಾಕಿ, ಮುಚ್ಚಿ 3ರಿಂದ 4 ನಿಮಿಷ ಬಿಡಿ. ಹಾಲಿನ ಚಹಾಕ್ಕೆ ಮಾಡುವಂತೆ ಪುಡಿ ಹಾಕಿ ಕುದಿಸುತ್ತಾ ಇರಬೇಡಿ, ಒಗರು ಬರುತ್ತದೆ. ಹಾಲು ಆ ಒಗರನ್ನು ಮರೆಮಾಡುತ್ತದೆ, ಐಸ್ ಮಾಡುವುದಿಲ್ಲ.
3. ಸೋಸಿ, ಬಿಸಿಯಿರುವಾಗಲೇ ಸಕ್ಕರೆ ಕರಗಿಸಿ. ತಣ್ಣಗಾದ ಮೇಲೆ ಹಾಕಿದರೆ ಅದು ತಳದಲ್ಲಿ ಕೂರುತ್ತದೆ. ಬೆಲ್ಲವನ್ನೂ ಬಳಸಬಹುದು, ರುಚಿ ಪಾನಕದ ಕಡೆಗೆ ವಾಲುತ್ತದೆ.
4. ಪಾತ್ರೆ ಮುಚ್ಚಿ ಹೊರಗೇ ಆರಲು ಬಿಡಿ.
5. ಲೋಟಕ್ಕೆ ಐಸ್ ತುಂಬಿ ಚಹಾ ಸುರಿಯಿರಿ. ಕೊನೆಗೆ ನಿಂಬೆರಸ, ಪುದೀನ ಸೇರಿಸಿ.

ಅರ್ಧ ಲೀಟರ್‌ಗೆ 4 ಚಮಚ ಪುಡಿ ಜಾಸ್ತಿಯಾಯಿತಲ್ಲವೇ ಎನ್ನಬಹುದು. ಐಸ್ ಕರಗಿ ಚಹಾ ಹೆಚ್ಚುಕಡಿಮೆ ಇಮ್ಮಡಿಯಾಗುವುದರಿಂದ ಕಷಾಯ ಮೊದಲೇ ಗಟ್ಟಿಯಾಗಿರಬೇಕು. ಇನ್ನು, ನಿಂಬೆ ಹಿಂಡಿದ ತಕ್ಷಣ ಬಣ್ಣ ತಿಳಿಯಾಗುವುದನ್ನು ಕಂಡು ಗಾಬರಿಯಾಗಬೇಡಿ. ಚಹಾದ ಬಣ್ಣದ ಅಂಶಗಳು ಹುಳಿಗೆ ತಿಳಿಯಾಗುತ್ತವೆ, ಅಷ್ಟೇ.

ಚಹಾ ಮಬ್ಬಾಗುವುದು ಏಕೆ?

ಫ್ರಿಜ್‌ನಿಂದ ತೆಗೆದಾಗ ಚಹಾ ಕೆಸರುನೀರಿನಂತೆ ಕಂಡರೆ ಕೆಟ್ಟಿದೆ ಎಂದೇ ಅರ್ಥವಲ್ಲ. ಚಹಾದಲ್ಲಿರುವ ಕೆಫೀನ್ ಮತ್ತು ಪಾಲಿಫಿನಾಲ್‌ಗಳು ತಣ್ಣಗಾದಾಗ ಒಂದಕ್ಕೊಂದು ಅಂಟಿಕೊಂಡು ಸಣ್ಣ ಕಣಗಳಾಗುತ್ತವೆ. ಕಷಾಯ ಗಟ್ಟಿಯಾಗಿದ್ದಷ್ಟೂ, ನೀರು ಗಡಸಾಗಿದ್ದಷ್ಟೂ, ಬೇಗ ತಣ್ಣಗಾದಷ್ಟೂ ಮಬ್ಬು ಹೆಚ್ಚು. ಇದರಿಂದ ಹಾನಿಯಿಲ್ಲ. ಒಂದೆರಡು ಚಮಚ ಕುದಿಯುವ ನೀರು ಬೆರೆಸಿದರೆ ತಿಳಿಯಾಗುತ್ತದೆ.

ಪುಡಿಯ ಆಯ್ಕೆಯೂ ಮುಖ್ಯ. ನಮ್ಮ ಅಡುಗೆಮನೆಗಳಲ್ಲಿರುವುದು ಹೆಚ್ಚಾಗಿ ಕಾಳಿನಂತಿರುವ ಸಿಟಿಸಿ ಪುಡಿ. 1930ರ ದಶಕದಲ್ಲಿ ಅಸ್ಸಾಂನಲ್ಲಿ ಶುರುವಾದ ಈ ಯಂತ್ರ ವಿಧಾನದಲ್ಲಿ ಎಲೆ ಜಜ್ಜಿ, ಹರಿದು, ಸುರುಳಿ ಮಾಡುವುದರಿಂದ ಬಣ್ಣ, ಕಡಕ್ ಬೇಗ ಬಿಡುತ್ತದೆ. ಹಾಲಿನ ಚಹಾಕ್ಕೆ ಅದು ಸರಿ. ಐಸ್ಡ್ ಟೀಗೆ ನೀಲಗಿರಿಯ ಎಲೆ ಚಹಾ ಹೆಚ್ಚು ಹೊಂದುತ್ತದೆ, ತಣ್ಣಗಾದರೂ ಅಷ್ಟಾಗಿ ಮಬ್ಬಾಗುವುದಿಲ್ಲ ಎಂಬುದೇ ಅದರ ಹೆಸರುವಾಸಿ ಗುಣ. ಎಲೆ ಚಹಾ ಸಿಗದಿದ್ದರೆ ಸಿಟಿಸಿಯಲ್ಲೇ ಮಾಡಿ, ಆದರೆ 3 ನಿಮಿಷಕ್ಕೇ ಸೋಸಿಬಿಡಿ.

ಬೆಂಕಿಯಿಲ್ಲದೆ ಮಾಡಬಹುದೇ?

ಮಾಡಬಹುದು. ಕುದಿಸಿ ಆರಿಸಿದ 1 ಲೀಟರ್ ನೀರಿಗೆ 4 ಟೀ ಚಮಚ ಎಲೆ ಚಹಾ ಹಾಕಿ, ಮುಚ್ಚಿ ಫ್ರಿಜ್‌ನಲ್ಲಿ 6ರಿಂದ 8 ಗಂಟೆ ಇಡಿ. ರಾತ್ರಿ ಇಟ್ಟರೆ ಬೆಳಗಿನ ಲೋಕಲ್ ಹಿಡಿಯುವ ಹೊತ್ತಿಗೆ ಸಿದ್ಧ. ತಣ್ಣೀರಿನಲ್ಲಿ ಒಗರಿನ ಅಂಶ ಕಡಿಮೆ ಇಳಿಯುವುದರಿಂದ ಇದು ಮೃದುವಾಗಿರುತ್ತದೆ, ಸಕ್ಕರೆಯೂ ಕಡಿಮೆ ಸಾಕು. ಇಲ್ಲಿ ಬಿಸಿ ತಾಗುವುದಿಲ್ಲವಾದ್ದರಿಂದ ನೀರು ಮೊದಲೇ ಕುದಿಸಿದ್ದಾಗಿರಲೇಬೇಕು.

ಆದರೆ ಬಾಟಲಿಯನ್ನು ಟೆರೇಸ್ ಮೇಲೆ ಬಿಸಿಲಿಗಿಟ್ಟು ಮಾಡುವ 'ಸನ್ ಟೀ' ಬೇಡ. ಬಿಸಿಲಿಗೆ ನೀರು ಬೆಚ್ಚಗಾಗುತ್ತದೆ, ರೋಗಾಣು ಸಾಯುವಷ್ಟು ಬಿಸಿಯಾಗುವುದಿಲ್ಲ. ಅವು ಬೆಳೆಯಲು ಆ ಬೆಚ್ಚನೆಯೇ ಅನುಕೂಲ.

ಎಷ್ಟು ಹೊತ್ತು ಇಡಬಹುದು?

ತಯಾರಿಸಿದ ಚಹಾವನ್ನು ಫ್ರಿಜ್‌ನಲ್ಲಿಟ್ಟು ಒಂದು ದಿನದೊಳಗೆ ಮುಗಿಸಿ. ಹೊರಗೆ 8 ಗಂಟೆಗಿಂತ ಹೆಚ್ಚು ಇಡಬಾರದು ಎಂಬುದು ಅಮೆರಿಕದ ಆಹಾರ ಸುರಕ್ಷತಾ ಸಲಹೆ. ಇಲ್ಲಿನ ಸೆಕೆಗೆ ಇನ್ನೂ ಬೇಗ ಮುಗಿಸುವುದೇ ಲೇಸು. ಕೆಲಸಕ್ಕೆ ಒಯ್ಯುವುದಿದ್ದರೆ ಸ್ಟೀಲ್ ಫ್ಲಾಸ್ಕ್‌ನಲ್ಲಿ ಐಸ್ ಸಮೇತ ತುಂಬಿಸಿ, ಮಧ್ಯಾಹ್ನದೊಳಗೆ ಕುಡಿಯಿರಿ. ಎಳೆ ಎಳೆಯಾಗಿ ಅಂಟು ಕಂಡರೆ ಅಥವಾ ಹುಳಿ ವಾಸನೆ ಬಂದರೆ ಚೆಲ್ಲಿಬಿಡಿ. ಫ್ಲಾಸ್ಕ್‌ನ ಮುಚ್ಚಳ, ರಬ್ಬರ್ ಬಳೆಯನ್ನು ದಿನವೂ ತೊಳೆಯಿರಿ.

ಬಿಸಿಲಿಗೆ ಇದೇ ಮದ್ದೇ? ಅಲ್ಲ

2023ರ ಏಪ್ರಿಲ್ 16ರಂದು ನವಿ ಮುಂಬೈನ ಖಾರ್ಘರ್‌ನಲ್ಲಿ ಮಹಾರಾಷ್ಟ್ರ ಭೂಷಣ ಪ್ರಶಸ್ತಿ ಪ್ರದಾನ ಸಮಾರಂಭಕ್ಕೆ ಬಂದು ಬಿಸಿಲಿನಲ್ಲಿ ಕುಳಿತಿದ್ದವರಲ್ಲಿ 10ಕ್ಕೂ ಹೆಚ್ಚು ಮಂದಿ ಶಾಖಾಘಾತದಿಂದ ಪ್ರಾಣ ಕಳೆದುಕೊಂಡರು. ಈ ಭಾಗದ ಸೆಕೆಯನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಬಿಸಿಗಾಳಿಯ ದಿನಗಳಲ್ಲಿ ಚಹಾ, ಕಾಫಿ, ತಂಪು ಪಾನೀಯ ಬಿಡಿ, ನೀರು, ಮಜ್ಜಿಗೆ, ನಿಂಬೆ ಪಾನಕ, ಓಆರ್‌ಎಸ್ ಕುಡಿಯಿರಿ ಎಂದು ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಹೇಳುತ್ತದೆ. ಐಸ್ಡ್ ಟೀ ನಾಲಿಗೆಗೆ ತಂಪು, ಆದರೆ ಬೆವರಿನಲ್ಲಿ ಹೋದ ಉಪ್ಪನ್ನು ಅದು ತುಂಬಿಕೊಡುವುದಿಲ್ಲ. ಬಿಸಿಲಲ್ಲಿ ತಲೆಸುತ್ತು, ವಾಂತಿ, ಗೊಂದಲ ಕಾಣಿಸಿಕೊಂಡರೆ ಚಹಾ ಕೊಡುತ್ತಾ ಕೂರಬೇಡಿ, ಮೈ ತಂಪು ಮಾಡುತ್ತಾ ಆಸ್ಪತ್ರೆಗೆ ಕರೆದೊಯ್ಯಿರಿ.

ಯಾರು ಮಿತವಾಗಿ ಕುಡಿಯಬೇಕು?

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ-5ರ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಚಹಾದ ಪಾಲಿಫಿನಾಲ್‌ಗಳು ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣದ ಅಂಶ ದೇಹಕ್ಕೆ ಸೇರದಂತೆ ತಡೆಯುತ್ತವೆ. ಆದ್ದರಿಂದ ಊಟದ ಜೊತೆ ಬೇಡ, ಕನಿಷ್ಠ ಒಂದು ಗಂಟೆ ಬಿಟ್ಟು ಕುಡಿಯಿರಿ. ಕಬ್ಬಿಣದ ಮಾತ್ರೆಯನ್ನಂತೂ ಚಹಾದ ಜೊತೆ ನುಂಗಲೇಬೇಡಿ. ಕೆಫೀನ್ ಇರುವುದರಿಂದ ಗರ್ಭಿಣಿಯರು ಎಷ್ಟು ಕುಡಿಯಬಹುದು ಎಂದು ವೈದ್ಯರನ್ನು ಕೇಳಿ. ಚಿಕ್ಕ ಮಕ್ಕಳಿಗೆ ಮಜ್ಜಿಗೆಯೇ ಸಾಕು.

ಸಕ್ಕರೆಯ ಲೆಕ್ಕವನ್ನೂ ಗಮನಿಸಿ. ದಿನಕ್ಕೆ ಸುಮಾರು 25 ಗ್ರಾಂ, ಅಂದರೆ 6 ಟೀ ಚಮಚದೊಳಗೆ ಇದ್ದರೆ ಇನ್ನೂ ಒಳ್ಳೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮೇಲಿನ ಅಳತೆಯಲ್ಲಿ ಒಂದು ಲೋಟಕ್ಕೆ ಬೀಳುವುದು ಒಂದರಿಂದ ಒಂದೂವರೆ ಚಮಚ. ಅಂಗಡಿಯಿಂದ ಬಾಟಲಿ ತರುವುದಿದ್ದರೆ ಹಿಂಬದಿಯ ಚೀಟಿಯಲ್ಲಿ ಸಕ್ಕರೆ ಎಷ್ಟಿದೆ ಎಂದು ಒಮ್ಮೆ ಓದಿ, ಮನೆಯ ಲೋಟದೊಂದಿಗೆ ಹೋಲಿಸಿ ನೋಡಿ.