ಜೂನ್ ತಿಂಗಳ ಅಂತೆ-ಕಂತೆ: ಹೊಸ ಕಂಪ್ಯೂಟರಿಗಾಗಿ ಕಾಯಬೇಕೆ?

ಬೇಸಿಗೆ ಕಳೆಯುತ್ತ ಬಂದಂತೆ ಪರೀಕ್ಷೆಯ ಫಲಿತಾಂಶಗಳು ಬರತೊಡಗುತ್ತವೆ. ಮಕ್ಕಳಿಗೆ ಯಾವ ಕಾಲೇಜು ಎಂಬ ಚಿಂತೆ, ಹಿರಿಯರಿಗೆ ಶುಲ್ಕದ ಚಿಂತೆ. ಈಗೀಗ ಅದರ ಜೊತೆಗೆ ಕಂಪ್ಯೂಟರ್ ಕೊಡಿಸುವ ಚಿಂತೆಯೂ ಸೇರಿದೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕಡೆಯ ನಮ್ಮ ಸಮಾಜದ ಮನೆಗಳಲ್ಲಿ ಹಣ ಹೊಂದಿಸಿ ಅಂಗಡಿಗೆ ಹೊರಡುವ ಹೊತ್ತಿಗೆ ಸರಿಯಾಗಿ ಮಗನೋ ಮಗಳೋ ಅಡ್ಡ ಬರುತ್ತಾರೆ: “ಈಗ ಬ್ಯಾಡ್ರಿ. ಜೂನ್‌ದಾಗ ಅಮೆರಿಕಾದಾಗ ಸಮ್ಮೇಳನ ಐತಿ. ಹೊಸಾದು ಬರ್ತದಂತ. ಅಲ್ಲೀತನಾ ತಡೀರಿ.”

ಈ ‘ಬರ್ತದಂತ’ ಎಂಬ ಮಾತಿನ ಬೆಲೆ ಎಷ್ಟು? ಲಕ್ಷ ರೂಪಾಯಿಯ ಆಸುಪಾಸಿನ ವಸ್ತುವಿನ ವಿಷಯದಲ್ಲಿ ಇದನ್ನು ಸ್ವಲ್ಪ ವಿಚಾರ ಮಾಡಬೇಕಾಗಿದೆ.

ಮಕ್ಕಳು ಹೇಳುವ ಆ ಸಮ್ಮೇಳನ ಆಪಲ್ ಕಂಪನಿಯದು. ಹೆಸರು ವರ್ಲ್ಡ್‌ವೈಡ್ ಡೆವಲಪರ್ಸ್ ಕಾನ್ಫರೆನ್ಸ್. ಡೆವಲಪರ್ ಎಂದರೆ ಗಣಕಕ್ಕೆ ತಂತ್ರಾಂಶ ಬರೆಯುವವರು. ಹೆಸರೇ ಹೇಳುವಂತೆ ಇದು ಗಿರಾಕಿಗಳಿಗಾಗಿ ನಡೆಯುವ ಜಾತ್ರೆಯಲ್ಲ, ಕಸಬುದಾರರ ಸಭೆ. 2003ರಿಂದ 2016ರವರೆಗೆ ಸ್ಯಾನ್ ಫ್ರಾನ್ಸಿಸ್ಕೋದ ಮಾಸ್ಕೋನ್ ಭವನದಲ್ಲಿ, ಆಮೇಲೆ ಮೂರು ವರ್ಷ ಸ್ಯಾನ್ ಹೋಸೆ ನಗರದಲ್ಲಿ ಇದು ನಡೆಯಿತು. 2020ರಲ್ಲಿ ಕೊರೋನಾ ಬಂದ ಮೇಲೆ ಮುಖ್ಯವಾಗಿ ಇಂಟರ್‌ನೆಟ್ಟಿನ ಮೂಲಕ ನಡೆಯತೊಡಗಿತು. ಮೊದಲ ದಿನದ ಭಾಷಣ ಅಲ್ಲಿ ಬೆಳಿಗ್ಗೆ 10 ಗಂಟೆಗೆ, ಅಂದರೆ ನಮ್ಮಲ್ಲಿ ರಾತ್ರಿ ಹತ್ತೂವರೆಗೆ. ಆ ಭಾಷಣದಲ್ಲಿ ಕೆಲವು ವರ್ಷ ಹೊಸ ಯಂತ್ರ ತೋರಿಸುತ್ತಾರೆ, ಕೆಲವು ವರ್ಷ ತೋರಿಸುವುದಿಲ್ಲ. ಮೊದಲೇ ಬಾಯಿ ಬಿಟ್ಟು ಹೇಳುವುದು ಅಪರೂಪ. ಊಹಾಪೋಹದ ಬೆಳೆ ಬೆಳೆಯುವುದು ಈ ಹೊಲದಲ್ಲಿಯೇ.

ವ್ಯಾಪಾರಸ್ಥರಾದ ನಮಗೆ ಆ ಗುಟ್ಟಿನ ಕಾರಣ ಹೇಳಿಕೊಡಬೇಕಾಗಿಲ್ಲ. ದೀಪಾವಳಿಗೆ ಹೊಸ ನಮೂನೆಯ ಸೀರೆ ಬರಲಿವೆ ಎಂದು ಶ್ರಾವಣದಲ್ಲೇ ಹಲಗೆ ಬರೆದಿಟ್ಟರೆ ಇದ್ದ ಮಾಲನ್ನು ಯಾರು ಕೊಂಡಾರು? ಗಣಕ ವ್ಯಾಪಾರದಲ್ಲಿ ಇದಕ್ಕೆ ಆಸ್‌ಬೋರ್ನ್ ಕಂಪನಿಯ ಉದಾಹರಣೆ ಕೊಡುತ್ತಾರೆ. 1981ರಲ್ಲಿ 1795 ಡಾಲರಿಗೆ ಕೈಯಲ್ಲಿ ಹಿಡಿದೊಯ್ಯುವ ಗಣಕ ಮಾರಿ ಹೆಸರು ಮಾಡಿದ ಕಂಪನಿ ಅದು. ಮುಂದಿನ ಮಾದರಿಯ ಮಾತನ್ನು ಬೇಗನೆ ಹೊರಬಿಟ್ಟದ್ದರಿಂದ ಹಳೆಯದರ ಮಾರಾಟ ಕುಸಿದು 1983ರ ಸೆಪ್ಟೆಂಬರಿನಲ್ಲಿ ದಿವಾಳಿಯಾಯಿತೆಂದು ಹೇಳುತ್ತಾರೆ. ಪೈಪೋಟಿ, ಆಡಳಿತದ ದೋಷ ಮೊದಲಾದ ಬೇರೆ ಕಾರಣಗಳೂ ಇದ್ದವು ಎನ್ನುವವರಿದ್ದಾರೆ. ಹೇಗೇ ಇರಲಿ, ಅಂದಿನಿಂದ ಗಣಕ ಕಂಪನಿಗಳಿಗೆ ಆ ಭಯ ತಪ್ಪಿಲ್ಲ.

ಆದರೂ ಗುಟ್ಟು ಹೊರಬೀಳುತ್ತದೆ. 2003ರ ಜೂನ್ 23ರ ಸೋಮವಾರ ಸಮ್ಮೇಳನ ಆರಂಭವಾಗಬೇಕಿತ್ತು. ಅದಕ್ಕೆ ನಾಲ್ಕು ದಿನ ಮೊದಲು ಆಪಲ್ ಕಂಪನಿಯ ಸ್ವಂತ ಇಂಟರ್‌ನೆಟ್ ಅಂಗಡಿಯಲ್ಲಿಯೇ, ಇನ್ನೂ ಘೋಷಿಸದ ಗಣಕದ ವಿವರ ಸ್ವಲ್ಪ ಹೊತ್ತು ಕಾಣಿಸಿಕೊಂಡಿತು. 1.6, 1.8 ಮತ್ತು ಜೋಡಿ 2 ಗಿಗಾಹರ್ಟ್ಸ್ ವೇಗದ ಜಿ5 ಪ್ರೊಸೆಸರ್, 8 ಗಿಗಾಬೈಟ್‌ವರೆಗೆ ಸ್ಮರಣ ಶಕ್ತಿ. ಕಳ್ಳ ಯಾರೂ ಇರಲಿಲ್ಲ, ಮನೆಯವರೇ ಬಾಗಿಲು ತೆರೆದಿಟ್ಟಿದ್ದರು! ಸೋಮವಾರ ಸ್ಟೀವ್ ಜಾಬ್ಸ್ ವೇದಿಕೆಯ ಮೇಲೆ ಈ ಎಡವಟ್ಟಿನ ಬಗ್ಗೆ ತಾವೇ ತಮಾಷೆ ಮಾಡಿ ಅದೇ ಯಂತ್ರವನ್ನು ತೋರಿಸಿದರು.

ಅಂದು ನಡೆದ ಇನ್ನೊಂದು ಸಂಗತಿ ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಹನ್ನೆರಡು ತಿಂಗಳೊಳಗೆ ಇದೇ ಪ್ರೊಸೆಸರ್ 3 ಗಿಗಾಹರ್ಟ್ಸ್ ಮುಟ್ಟುವುದೆಂದು ಜಾಬ್ಸ್ ಅದೇ ವೇದಿಕೆಯಿಂದ ಮಾತು ಕೊಟ್ಟರು. ವರ್ಷ ಕಳೆದಾಗ ಬಂದದ್ದು 2.5. ಆ ಪ್ರೊಸೆಸರನ್ನು ತಯಾರಿಸುತ್ತಿದ್ದುದು ಐಬಿಎಂ. ಅದು ವಿಪರೀತ ಕಾವೇರುತ್ತಿದ್ದುದರಿಂದ ತೆಳ್ಳನೆಯ ಲ್ಯಾಪ್‌ಟಾಪಿನಲ್ಲಿ ಕೂರಿಸಲು ಆಗಲೇ ಇಲ್ಲ. ‘ಮುಂದಿನ ಮಂಗಳವಾರ ಜಿ5 ಲ್ಯಾಪ್‌ಟಾಪ್’ ಎಂಬ ಗಾಳಿಮಾತು ಎಷ್ಟು ಮಂಗಳವಾರ ಹುಸಿಯಾಯಿತೆಂದರೆ ಕೊನೆಗೆ ಅದು ಅಲ್ಲಿಯವರ ನಗೆಮಾತೇ ಆಗಿಹೋಯಿತು. ಕಂಪನಿಯ ಮುಖ್ಯಸ್ಥನೇ ತನ್ನ ಯಂತ್ರದ ಭವಿಷ್ಯ ಹೇಳಿ ತಪ್ಪಿದ ಮೇಲೆ ಹೊರಗಿನವರ ಭವಿಷ್ಯದ ಪಾಡೇನು?

ಹಾಗೆಂದು ಎಲ್ಲ ಊಹೆಯೂ ಸುಳ್ಳಲ್ಲ. 2005ರ ಜೂನ್ 3ರ ಶುಕ್ರವಾರ ಸಿನೆಟ್ ಸುದ್ದಿಸಂಸ್ಥೆ ಒಂದು ವರದಿ ಮಾಡಿತು: ಆಪಲ್ ಐಬಿಎಂ ಪ್ರೊಸೆಸರ್ ಬಿಟ್ಟು ಇಂಟೆಲ್ ಕಂಪನಿಯದಕ್ಕೆ ಹೋಗಲಿದೆ. ಎಷ್ಟೋ ಮಂದಿ ನಂಬಲಿಲ್ಲ. ಸೋಮವಾರ ಜಾಬ್ಸ್ ಅದನ್ನೇ ಘೋಷಿಸಿದರು. ಐದು ವರ್ಷಗಳಿಂದ ತಮ್ಮ ತಂತ್ರಾಂಶವನ್ನು ಗುಪ್ತವಾಗಿ ಇಂಟೆಲ್ ಯಂತ್ರಗಳಿಗೂ ಸಿದ್ಧಪಡಿಸುತ್ತ ಬಂದಿದ್ದನ್ನೂ ತಿಳಿಸಿದರು. 2020ರಲ್ಲಿ ಇತಿಹಾಸ ಮರುಕಳಿಸಿತು. ಇಂಟೆಲ್ ಬಿಟ್ಟು ಸ್ವಂತ ಪ್ರೊಸೆಸರ್ ಮಾಡುವ ಸುದ್ದಿಯನ್ನು ಜೂನ್ 9ರಂದು ಬ್ಲೂಮ್‌ಬರ್ಗ್ ಬರೆಯಿತು. ಜೂನ್ 22ರಂದು ಅದು ನಿಜವಾಯಿತು.

ಇಲ್ಲಿ ವಾಚಕರು ಒಂದು ಪ್ರಶ್ನೆ ಕೇಳಬೇಕು. ಗುಟ್ಟನ್ನು ಪ್ರಾಣದಂತೆ ಕಾಯುವ ಕಂಪನಿ, ಮಾರಾಟಕ್ಕೆ ಎಷ್ಟೋ ತಿಂಗಳು ಮೊದಲೇ ಹೀಗೇಕೆ ಹೇಳಿತು? ಆಸ್‌ಬೋರ್ನ್ ಕಥೆ ಅದಕ್ಕೆ ಗೊತ್ತಿರಲಿಲ್ಲವೆ?

ಗೊತ್ತಿತ್ತು. ಆದರೆ ಬೇರೆ ದಾರಿಯಿರಲಿಲ್ಲ. ಒಂದೊಂದು ಜಾತಿಯ ಪ್ರೊಸೆಸರಿಗೆ ಒಂದೊಂದು ಯಂತ್ರಭಾಷೆ. ಸಮವಸರಣದಲ್ಲಿ ತೀರ್ಥಂಕರರ ದಿವ್ಯಧ್ವನಿ ಪ್ರತಿಯೊಂದು ಜೀವಕ್ಕೂ ಅದರದರ ಭಾಷೆಯಲ್ಲಿಯೇ ತಿಳಿಯುತ್ತಿತ್ತೆಂದು ಕೇಳಿದ್ದೇವೆ. ಯಂತ್ರಗಳಿಗೆ ಆ ಭಾಗ್ಯವಿಲ್ಲ. ಒಂದಕ್ಕಾಗಿ ಸಿದ್ಧವಾದ ತಂತ್ರಾಂಶ ಇನ್ನೊಂದಕ್ಕೆ ಅರ್ಥವಾಗುವುದಿಲ್ಲ. ನಡುವೆ ದುಭಾಷಿಯನ್ನು ಇಡಬಹುದು. ಎರಡು ಸಲವೂ ಆಪಲ್ ಹಾಗೆ ಇಟ್ಟಿತು, ಅದರ ಹೆಸರು ರೊಸೆಟ್ಟಾ. ಆದರೂ ಕೆಲಸ ಚೆನ್ನಾಗಿ ನಡೆಯಬೇಕಾದರೆ ತಂತ್ರಾಂಶ ಬರೆದವರೇ ಅದನ್ನು ಹೊಸ ಭಾಷೆಗೆ ಮತ್ತೆ ಸಿದ್ಧಪಡಿಸಬೇಕು. ಅದಕ್ಕೆ ತಿಂಗಳುಗಳು ಬೇಕು. ಆದ್ದರಿಂದ 2005ರಲ್ಲಿ 999 ಡಾಲರಿಗೆ ಪೆಂಟಿಯಂ 4 ಇರುವ, 2020ರಲ್ಲಿ 500 ಡಾಲರಿಗೆ ಸ್ವಂತ ಪ್ರೊಸೆಸರ್ ಇರುವ ಪ್ರಯೋಗದ ಯಂತ್ರಗಳನ್ನು ಅವರ ಕೈಗೆ ಕೊಟ್ಟರು, ಮುಂದೆ ಹಿಂತಿರುಗಿಸಬೇಕೆಂಬ ಕರಾರಿನ ಮೇಲೆ. ಗಿರಾಕಿಗಳಿಗೆ ಯಂತ್ರ ಸಿಕ್ಕಿದ್ದು 2006ರ ಜನವರಿಯಲ್ಲಿ, ಇನ್ನೊಮ್ಮೆ 2020ರ ನವೆಂಬರಿನಲ್ಲಿ.

ಊಹೆಗಳನ್ನು ತೂಗಲು ನಾನು ಕಂಡುಕೊಂಡ ತಕ್ಕಡಿ ಇದೇ. ‘ಈ ಯಂತ್ರ ಬರುವ ಮೊದಲು ತಂತ್ರಾಂಶ ಬರೆಯುವವರು ಏನಾದರೂ ಸಿದ್ಧತೆ ಮಾಡಿಕೊಳ್ಳಬೇಕೆ?’ ಎಂದು ಕೇಳಿ ನೋಡಿ. ಹೌದಾದರೆ ಜೂನ್ ಊಹೆಗೆ ಅರ್ಥವಿದೆ. 2023ರಲ್ಲಿ ಕಣ್ಣಿಗೆ ಕಟ್ಟಿಕೊಳ್ಳುವ ವಿಷನ್ ಪ್ರೋ ತೋರಿಸಿದ್ದು ಇದೇ ಕಾರಣಕ್ಕೆ. 3499 ಡಾಲರಿನ ಆ ವಸ್ತು ಮಾರಾಟಕ್ಕೆ ಬಂದದ್ದು 2024ರ ಫೆಬ್ರವರಿಯಲ್ಲಿ. ಇದ್ದ ಯಂತ್ರವೇ ಸ್ವಲ್ಪ ವೇಗವಾಗಿ ಬರುವುದಾದರೆ ಅದಕ್ಕೆ ಸಮ್ಮೇಳನ ಬೇಕಿಲ್ಲ. ಬಂದರೆ ಬಂತು, ಇಲ್ಲದಿದ್ದರೆ ಶರತ್ಕಾಲದಲ್ಲಿ ಬರುತ್ತದೆ. ಈ ತಕ್ಕಡಿಯೂ ಒಮ್ಮೊಮ್ಮೆ ತಪ್ಪುತ್ತದೆ. 2022ರ ಜೂನ್ 6ರಂದು ಎಂ2 ಪ್ರೊಸೆಸರಿನ ಸಾಧಾರಣ ಲ್ಯಾಪ್‌ಟಾಪನ್ನೇ ತೋರಿಸಿದರು. ಅದರ ಮುಂದೆ 2024 ಮತ್ತು 2025ರಲ್ಲಿ ಒಂದು ಯಂತ್ರವನ್ನೂ ತೋರಿಸಲಿಲ್ಲ.

ಫೋನಿನ ಮಾತಂತೂ ಬೇಡವೇ ಬೇಡ. 2010ರ ಐಫೋನ್ 4 ಜೂನ್ ಸಮ್ಮೇಳನದಲ್ಲಿಯೇ ಬಂದಿತ್ತು. ಅದಕ್ಕೆ ಮೊದಲು ಅದರ ಒಂದು ಮಾದರಿಯನ್ನು ಕಂಪನಿಯ ನೌಕರನೊಬ್ಬ ಮದ್ಯದಂಗಡಿಯಲ್ಲಿ ಮರೆತು, ಪತ್ರಕರ್ತರು 5000 ಡಾಲರ್ ಕೊಟ್ಟು ಕೊಂಡು, ಜಗತ್ತಿಗೆಲ್ಲ ತೋರಿಸಿದ್ದರು. ಮರುವರ್ಷ ಎಲ್ಲರೂ ಜೂನ್‌ನಲ್ಲಿ ಐಫೋನ್ 5 ಕಾಯುತ್ತ ಕುಳಿತರು. ಬಂದದ್ದು ಅಕ್ಟೋಬರಿನಲ್ಲಿ, ಅದೂ 4ಎಸ್. ಮುಂದೆ ಹೊಸ ಫೋನುಗಳಿಗೆ ಹೆಚ್ಚುಕಡಿಮೆ ಸೆಪ್ಟೆಂಬರ್ ತಿಂಗಳೇ ಕಾಯಂ ಆಯಿತು. ಅದು ನಮ್ಮ ದಶಲಕ್ಷಣ ಪರ್ವದ ಆಸುಪಾಸು. ಬಸದಿಯಲ್ಲಿ ಉತ್ತಮ ಆಕಿಂಚನ್ಯದ ಪ್ರವಚನ ನಡೆಯುವಾಗ ಹಿಂದಿನ ಸಾಲಿನ ಹುಡುಗರು ಹೊಸ ಫೋನಿನ ಚಿತ್ರ ನೋಡುತ್ತಿರುವುದನ್ನು ನಾನು ಕಂಡಿದ್ದೇನೆ. ಹುಡುಗರನ್ನಷ್ಟೇ ಏಕೆ ಅನ್ನಲಿ!

2021ರಲ್ಲಿ ನಮ್ಮ ಮನೆಯಲ್ಲಿಯೇ ಆದದ್ದನ್ನು ಹೇಳುತ್ತೇನೆ. ನಮ್ಮ ಅಣ್ಣನ ಮಗ ಪುಣೆಯಲ್ಲಿ ವಾಸ್ತುಶಿಲ್ಪ ಓದುತ್ತಿದ್ದ. ಕೊರೋನಾದಿಂದಾಗಿ ಪಾಠವೆಲ್ಲ ಮನೆಯಿಂದಲೇ, ಹಳೆಯ ಲ್ಯಾಪ್‌ಟಾಪ್ ಕೆಟ್ಟು ಕೂತಿತ್ತು. ಮೇ ತಿಂಗಳಲ್ಲಿ ಎಂ1 ಪ್ರೊಸೆಸರಿನ ಮ್ಯಾಕ್‌ಬುಕ್ ಏರ್ ಕೊಡಿಸಲು ಅಣ್ಣ ಹಣ ತೆಗೆದಿಟ್ಟಿದ್ದರು. ಆಗ ಅದರ ಪಟ್ಟಿಬೆಲೆ 92,900 ರೂಪಾಯಿ. ಹುಡುಗ ಒಪ್ಪಲಿಲ್ಲ. “ಜೂನ್ 7ಕ್ಕ ದೊಡ್ಡ ಮಾಡೆಲ್ ಬರೂದು ಪಕ್ಕಾ ಐತಿ ಕಾಕಾ, ನೀವರೆ ಅಪ್ಪಾಗ ಹೇಳ್ರಿ” ಎಂದು ನನ್ನನ್ನು ಹಿಡಿದ. ನಾನೂ ಹೇಳಿದೆ. ಆ ತಪ್ಪಿನಲ್ಲಿ ನನ್ನ ಪಾಲೂ ಇದೆ.

ಜೂನ್ 7ರ ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಅವನೊಬ್ಬನೇ ಫೋನ್ ಹಿಡಿದು ಮಧ್ಯರಾತ್ರಿ ದಾಟುವವರೆಗೆ ಕೂತ. ಯಂತ್ರದ ಸುದ್ದಿಯೇ ಬರಲಿಲ್ಲ. ‘ಇಷ್ಟು ದಿನ ತಡೆದೇವಿ, ಇನ್ನೊಂದು ತಿಂಗಳು’ ಎಂದು ಜುಲೈ ಹೋಯಿತು, ಆಗಸ್ಟ್ ಹೋಯಿತು. ಪಕ್ಕದ ಓಣಿಯ ಗೆಳೆಯನ ಗಣಕದ ಮೇಲೆ, ಅವನು ಬಿಟ್ಟುಕೊಟ್ಟ ಹೊತ್ತಿನಲ್ಲಿ ನಕ್ಷೆ ತೆಗೆಯುತ್ತ ಒಂದು ವಿಷಯದ ಕೆಲಸವನ್ನು ಗಡುವಿನೊಳಗೆ ಒಪ್ಪಿಸಲಾಗದೆ ಹಿಂದೆ ಬಿದ್ದ. ಅಕ್ಟೋಬರ್ 18ರಂದು ಯಂತ್ರ ಬಂದೇ ಬಂತು. ಬೆಲೆ 1,94,900 ರೂಪಾಯಿಯಿಂದ ಆರಂಭ. ಅಣ್ಣ ಏನೂ ಮಾತಾಡಲಿಲ್ಲ. ದೀಪಾವಳಿಗೆ ಕೊಂಡದ್ದು ಮೇ ತಿಂಗಳಲ್ಲಿ ಅಂಗಡಿಯಲ್ಲಿದ್ದ ಅದೇ ಎಂ1 ಏರ್.

ಗಾಳಿಮಾತು ಬರೆದವರು ಪೂರ್ತಿ ಸುಳ್ಳು ಹೇಳಿರಲಿಲ್ಲ ಎಂಬುದನ್ನು ಗಮನಿಸಬೇಕು. ಯಂತ್ರ ತಯಾರಾಗುತ್ತಿದ್ದುದು ನಿಜ, ದಿನಾಂಕವೊಂದೇ ಸುಳ್ಳು. ಬಹುಮಟ್ಟಿಗೆ ಹೀಗೆಯೇ ಆಗುತ್ತದೆ, ಏಕೆಂದರೆ ಸುಳಿವುಗಳು ಸಿಗುವ ಜಾಗಗಳೇ ಅಂಥವು. ರಷ್ಯಾ, ಕಜಾಕಿಸ್ತಾನ ಮೊದಲಾದ ದೇಶಗಳ ಒಕ್ಕೂಟದಲ್ಲಿ ಗೂಢಲಿಪಿ ಬಳಸುವ ಯಂತ್ರಗಳನ್ನು ಮುಂಚಿತವಾಗಿ ನೋಂದಾಯಿಸಬೇಕು. ಆ ಪಟ್ಟಿಯಲ್ಲಿ ಮಾದರಿ ಸಂಖ್ಯೆಗಳು ಕಾಣುತ್ತವೆ. ಬಿಡಿಭಾಗದ ಕಾರ್ಖಾನೆಗಳಿಂದ ಮಾತು ಬರುತ್ತದೆ. ತಂತ್ರಾಂಶದ ಕಡತದಲ್ಲಿ ಹೆಸರು ಉಳಿದಿರುತ್ತದೆ. 2017ರಲ್ಲಿ ಹೋಮ್‌ಪಾಡ್ ಧ್ವನಿವರ್ಧಕದ ಕಡತದಲ್ಲಿ ಐಫೋನ್ 10ರ ಆಕಾರವೇ ಸಿಕ್ಕಿತ್ತು. ಇವೆಲ್ಲ ‘ಏನು’ ಎಂಬುದನ್ನು ಹೇಳುತ್ತವೆ, ‘ಎಂದು’ ಎಂಬುದನ್ನಲ್ಲ. ಗರ್ಭ ನಿಂತದ್ದು ತಿಳಿದ ಮಾತ್ರಕ್ಕೆ ಹೆರಿಗೆಯ ತಿಥಿ ನಿಶ್ಚಯವಾಗುವುದೆ? ಓದಿದವರು ಮತ್ತೊಬ್ಬರಿಗೆ ಹೇಳುವಾಗ ‘ಬರಬಹುದು’ ಎಂಬುದು ‘ಬರುತ್ತದಂತೆ’ ಆಗಿ, ಕೊನೆಗೆ ‘ಪಕ್ಕಾ’ ಆಗುತ್ತದೆ. ಇದಕ್ಕೆ ಸ್ಯಾದ್ವಾದವೆಂದು ಹೆಸರಿಟ್ಟು ಜಾರಿಕೊಳ್ಳುವ ಜಾಣರೂ ಇದ್ದಾರೆ. ‘ಸ್ಯಾತ್’ ಎಂದರೆ ಸಂಶಯವಲ್ಲ, ‘ಒಂದು ಅಪೇಕ್ಷೆಯಿಂದ’ ಎಂದರ್ಥ. ಆ ದೊಡ್ಡ ಸಿದ್ಧಾಂತವನ್ನು ಇಲ್ಲಿಗೆ ಎಳೆಯುವುದು ಬೇಡ.

ಎಳೆಯಬಹುದಾದ ಶಾಸ್ತ್ರ ಬೇರೆ ಇದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತದ ಐದು ಅತಿಚಾರಗಳನ್ನು ಹೇಳಿದೆ. ಅವುಗಳಲ್ಲಿ ಒಂದು ಸಾಕಾರಮಂತ್ರಭೇದ. ಪರರ ಮುಖಭಾವ, ಹಾವಭಾವಗಳಿಂದ ಅವರ ಮನದ ಗುಟ್ಟನ್ನು ಊಹಿಸಿ ಅಸೂಯೆಯಿಂದ ಹೊರಗೆಡಹುವುದು. ಊಹಿಸಿದ್ದು ನಿಜವೇ ಆಗಿದ್ದರೂ ಅದು ಅತಿಚಾರ! ಹಾಗಾದರೆ ಈ ಗಾಳಿಸುದ್ದಿಯವರೆಲ್ಲ ದೋಷಿಗಳೆ? ಅಮೆರಿಕದಲ್ಲಿ ಹದಿಮೂರು ವರ್ಷದ ಹುಡುಗನೊಬ್ಬ ಆರಂಭಿಸಿದ ಥಿಂಕ್ ಸೀಕ್ರೆಟ್ ಎಂಬ ಸುದ್ದಿತಾಣ 2004ರ ಕೊನೆಯಲ್ಲಿ ಅಗ್ಗದ ಮ್ಯಾಕ್ ಮಿನಿ ಬರುವುದನ್ನು ಮೊದಲೇ ಬರೆಯಿತು. ಹುಡುಗ ಆಗ ಹಾರ್ವರ್ಡ್ ವಿದ್ಯಾರ್ಥಿ. 2005ರ ಜನವರಿಯಲ್ಲಿ ಕಂಪನಿ ಮೊಕದ್ದಮೆ ಹೂಡಿತು. 2007ರ ಡಿಸೆಂಬರಿನಲ್ಲಿ ರಾಜಿಯಾಗಿ ತಾಣ ಮುಚ್ಚಿತು. ಸುದ್ದಿ ಕೊಟ್ಟವರು ಯಾರೆಂದು ಅವನು ಕೊನೆಗೂ ಹೇಳಲಿಲ್ಲ. ನನ್ನ ಎಣಿಕೆಯಲ್ಲಿ ಬಹಿರಂಗ ಪಟ್ಟಿ ನೋಡಿ ಊಹಿಸುವವನು ಯಾರ ವಿಶ್ವಾಸವನ್ನೂ ಮುರಿಯುವುದಿಲ್ಲ. ಗುಟ್ಟು ಕಾಯುವೆನೆಂದು ಸಹಿ ಮಾಡಿ ಸಂಬಳ ಪಡೆದು ಹೊರಗೆ ಹೇಳುವವನ ಮಾತು ಬೇರೆ. ಮೂರನೆಯವನು ನಮ್ಮ ಮನೆಯವನೇ, ಊಹೆಯನ್ನು ಖಚಿತವೆಂದು ಹೇಳಿ ಅಣ್ಣನ ಹಣವನ್ನು ಐದು ತಿಂಗಳು ತಡೆದ ನಾನು.

ಹಾಗಾದರೆ ಜೂನ್ ಭಾಷಣ ನೋಡುವುದೇ ಬೇಡವೆ? ನೋಡಬೇಕು, ಆದರೆ ಕೊಳ್ಳುವ ಯಂತ್ರಕ್ಕಾಗಿ ಅಲ್ಲ, ಮನೆಯಲ್ಲಿರುವ ಯಂತ್ರಕ್ಕಾಗಿ. ಹೊಸ ತಂತ್ರಾಂಶ ಯಾವ ಹಳೆಯ ಗಣಕಗಳಿಗೆ ಹೊಂದುತ್ತದೆ ಎಂಬ ಪಟ್ಟಿ ಅಂದೇ ಹೊರಬೀಳುತ್ತದೆ. ಅದು ಗಾಳಿಮಾತಲ್ಲ, ಕಂಪನಿಯದೇ ಮಾತು. 2025ರ ಸಮ್ಮೇಳನದಲ್ಲಿ, ಮ್ಯಾಕ್‌ಓಎಸ್ 26 ಇಂಟೆಲ್ ಪ್ರೊಸೆಸರ್ ಇರುವ ಯಂತ್ರಗಳಿಗೆ ಕೊನೆಯದು ಎಂದು ತಿಳಿಸಿದರು. ಅದು ಕೂಡ 2019ರ 16 ಅಂಗುಲದ ಮ್ಯಾಕ್‌ಬುಕ್ ಪ್ರೋ ಮತ್ತು ಮ್ಯಾಕ್ ಪ್ರೋ, 2020ರ ಐಮ್ಯಾಕ್, ನಾಲ್ಕು ಥಂಡರ್‌ಬೋಲ್ಟ್ ರಂಧ್ರಗಳಿರುವ 2020ರ 13 ಅಂಗುಲದ ಮ್ಯಾಕ್‌ಬುಕ್ ಪ್ರೋ - ಈ ನಾಲ್ಕು ಇಂಟೆಲ್ ಯಂತ್ರಗಳಿಗೆ ಮಾತ್ರ. ಇವಕ್ಕೆ ಸುರಕ್ಷತೆಯ ತಿದ್ದುಪಡಿಗಳು ಇನ್ನೂ ಮೂರು ವರ್ಷ ಸಿಗುತ್ತವೆಯೆಂದೂ ಹೇಳಿದ್ದಾರೆ.

ಈಚೆಗೆ ಇಂಥ ಹಳೆಯ ಇಂಟೆಲ್ ಯಂತ್ರಗಳನ್ನು ‘ಹೊಸದರಂತಿದೆ’ ಎಂದು ಕಡಿಮೆ ಬೆಲೆಗೆ ಕೊಡಲು ಬರುವವರಿದ್ದಾರೆ. ಹಣ ಎಣಿಸುವ ಮೊದಲು ಪರದೆಯ ಎಡ ಮೂಲೆಯ ಸೇಬಿನ ಗುರುತನ್ನು ಒತ್ತಿ, ಪಟ್ಟಿಯ ಮೊದಲ ಸಾಲನ್ನು ತೆರೆಯಬೇಕು. ಅಲ್ಲಿ ಪ್ರೊಸೆಸರಿನ ಹೆಸರು ಇಂಟೆಲ್ ಎಂದಿದೆಯೋ, ಎಂ1, ಎಂ2 ಎಂದಿದೆಯೋ ನೋಡಿಕೊಳ್ಳಬೇಕು. ಇದಕ್ಕೆ ಅರ್ಧ ನಿಮಿಷ ಸಾಕು, ಜೂನ್‌ವರೆಗೆ ಕಾಯಬೇಕಾಗಿಲ್ಲ.